ಮುರಿಗೆವ್ವನ ಕಿವಿಯೂ ಬುಡ್ಡೇಸಾಬನ ಕುದುರೆಯ ಬಾಲವೂ

ತಿಕೋಟಾದಲ್ಲಿ ನೆಗಡಿಯಾಗಲಿ, ಸೊಂಟ ಹಿಡಿಯಲಿ, ಜನ ಮೊದಲು ಹೋಗುವುದು ಮುರಿಗೆವ್ವನ ಖಾನಾವಳಿಗೆ. ಆಕೆ ರೊಟ್ಟಿ ಬಡಿಯುತ್ತಲೇ ಮದ್ದು ಹೇಳುತ್ತಾಳೆ. ಊಟಕ್ಕೆ ದುಡ್ಡು, ಮದ್ದು ಪುಕ್ಕಟೆ. ಕೇಳದವರಿಗೂ ಹೇಳುತ್ತಾಳೆ, ಅದೇ ತೊಂದರೆ.

ಅಂಥವಳ ಎಡಗಿವಿಯಲ್ಲೇ ಗಂಟು ಎದ್ದಿತಲ್ಲ! ತಾಯಿ ಕೊಟ್ಟ ಝುಮಕಿಯ ಭಾರಕ್ಕೆ ಹಳೆಯ ತೂತು ಹರಿದೇ ಹೋಗಿತ್ತು, ಪಕ್ಕದಲ್ಲಿ ಇನ್ನೊಂದು ಚುಚ್ಚಿಸಿಕೊಂಡಳು. ಗಾಯವೇನೋ ಮಾಯಿತು, ಆದರೆ ಮಾಯ್ದ ಜಾಗ ಸುಮ್ಮನಿರಲಿಲ್ಲ. ದಿನದಿನಕ್ಕೆ ಉಬ್ಬಿ, ಹೊಸ ತೂತನ್ನೂ ಮುಚ್ಚಿ ಕಡಲೆಕಾಳಿನಷ್ಟಾಯಿತು. "ನರೂಲಿ ಬೇ ಇದು," ಎಂದು ಮುರಿಗೆವ್ವ ತನಗೆ ತಾನೇ ತೀರ್ಪು ಕೊಟ್ಟುಕೊಂಡಳು. ನರೂಲಿಗೆ ಆಕೆಯ ಹತ್ತಿರ ಇದ್ದ ಮದ್ದು ಒಂದೇ: ಬುಡಕ್ಕೆ ಕುದುರೆ ಬಾಲದ ಕೂದಲು ಬಿಗಿದು ಕಟ್ಟುವುದು. ಕೂದಲಿಗಾಗಿ ವಿಜಯಪುರಕ್ಕೆ, ಟಾಂಗಾ ಹೊಡೆಯುವ ಬುಡ್ಡೇಸಾಬನ ಹತ್ತಿರ ಹೋದಳು.

"ಯವ್ವಾ, ಎಲ್ಲಾರೂ ಇದರ ಬಾಲಕ್ಕ ಗಂಟ ಬಿದ್ದೀರಿ. ನೊಣಾ ಹೊಡಕೊಳ್ಳಾಕರ ನಾಕ ಕೂದಲಾ ಬಿಡ್ರಿ," ಎಂದು ಗೊಣಗುತ್ತಲೇ ಆತ ಒಂದು ಕೂದಲು ಕಿತ್ತುಕೊಟ್ಟ.

ಗಂಟು ಉದುರಿತು. ಮುರಿಗೆವ್ವ ಓಣಿಗೆಲ್ಲ ಸಾರಿದಳು. ಮುಂದೆ ಅದೇ ಜಾಗದಲ್ಲಿ ನೆಲ್ಲಿಕಾಯಿ ಗಾತ್ರದ್ದು ಬಂದು ಕೂತಾಗ ಮಾತ್ರ ಯಾರಿಗೂ ಸಾರಲಿಲ್ಲ, ತಲೆ ತುಂಬ ಸೆರಗು ಹೊದ್ದಳು.

ಅಷ್ಟರಲ್ಲಿ ಮಗಳು ಐಶ್ವರ್ಯಳಿಗೆ ಬಬಲೇಶ್ವರದ ಸಂಬಂಧ ಕೂಡಿಬಂತು. ಮಾತುಕತೆಗೆ ಬಂದ ವರನ ತಾಯಿ ಶೈಲಾ ಸೆರಗನ್ನು ಗದ್ದದವರೆಗೆ ಎಳೆದುಕೊಂಡೇ ಕೂತಿದ್ದಳು, ಚಹಾ ಕುಡಿಯುವಾಗಲೂ ಸರಿಸಲಿಲ್ಲ. ಇತ್ತ ಮುರಿಗೆವ್ವನೂ ಸರಿಸಲಿಲ್ಲ. "ಭಾಳ ಮರ್ಯಾದಸ್ತ ಮನಿ," ಎಂದು ಮುರಿಗೆವ್ವನ ಗಂಡ ಶಿವಯೋಗೆಪ್ಪ ಹಿರಿಹಿರಿ ಹಿಗ್ಗಿದ.

ಮುರಿಗೆವ್ವನಿಗೆ ಮಾತ್ರ ಚಿಂತೆ ಹತ್ತಿತು. ಅವಳ ತವರಿನಲ್ಲೊಂದು ಪದ್ಧತಿ: ಮದುವೆಯಲ್ಲಿ ವಧೂವರರ ಮೇಲೆ ಅಕ್ಕಿಕಾಳು ಬಿದ್ದ ಕೂಡಲೇ ತಾಯಿ ಎಲ್ಲರೆದುರು ಸೆರಗು ಸರಿಸಿ, ತನ್ನ ಕಿವಿಯ ಝುಮಕಿ ಬಿಚ್ಚಿ ಮಗಳ ಕಿವಿಗೆ ಹಾಕಬೇಕು. ಅಜ್ಜಿ ಅವ್ವನಿಗೆ ಹಾಗೇ ಕೊಟ್ಟಿದ್ದಳು, ಅವ್ವ ಇವಳಿಗೆ. ಅಂಥ ಬೀಗತಿಯ ಮುಂದೆ ಇಂಥ ಕಿವಿ ತೆರೆಯುವುದು ಹೇಗೆ? ಝುಮಕಿ ತೂಗಲು ಜಾಗವಾದರೂ ಎಲ್ಲಿದೆ? ಪಾಪ, ಆಕೆಗೆ ಅಳುವೇ ಬಂತು. ಮದುವೆ ಬೇಸಿಗೆಗೆ ಎಂದು ಗೊತ್ತಾದದ್ದೊಂದೇ ಸಮಾಧಾನ.

ಕೊನೆಗೆ ಹಟ ಬಿಟ್ಟು ವಿಜಯಪುರದ ಚರ್ಮದ ಡಾಕ್ಟರ್ ವಿಶಾಖಾ ಅವರ ಮುಂದೆ ಕೂತಳು.

"ಇದು ನರೂಲಿ ಅಲ್ರಿ, ಕೆಲಾಯ್ಡ್. ಗಾಯ ಮಾಯ್ದ ಮ್ಯಾಲೂ ಅದರ ಕಲೆ ಬೆಳಕೋತನ ಹೋಗತೈತಿ. ಸುಮ್ಮ ಕಿತ್ತ ಒಗದರ ಮತ್ತಷ್ಟ ದೊಡ್ಡದಾಗಿ ಬರತೈತಿ. ಏನ ಮಾಡಿದ್ರಿ ಇದಕ್ಕ?"

ಮುರಿಗೆವ್ವ ಕುದುರೆಯ ಕಥೆ ಹೇಳಿದಳು. ಡಾಕ್ಟರು ನಗು ನುಂಗಲು ನೀರು ಕುಡಿದರು.

ತಿಂಗಳಿಗೊಮ್ಮೆ ಗಂಟಿನೊಳಕ್ಕೇ ಇಂಜೆಕ್ಷನ್ ಎಂದಾಯಿತು. ಮನೆಯಲ್ಲಿ ಸಿಲಿಕಾನಿನ ತೆಳು ಪಟ್ಟಿ ಅಂಟಿಸಿ, ಮೇಲೆ ಗಂಟನ್ನು ಅದುಮಿ ಹಿಡಿಯುವ ಕ್ಲಿಪ್ ಹಾಕಿಕೊಳ್ಳಬೇಕು.

"ನನ್ನ ಸೂಜಿ ಅರ್ಧಾ ಕೆಲಸ, ನಿಮ್ಮ ಮನ್ಯಾಗಿನ ನೇಮ ಅರ್ಧಾ. ಒಂದ ಬಿಟ್ಟರ ಇನ್ನೊಂದ ದಂಡ. ಮತ್ತ ಇನ್ನ ಕಿವಿ ಚುಚ್ಚಿಸೂ ಮಾತ ತಗೀಬ್ಯಾಡ್ರಿ."

ಮೊದಲ ಸೂಜಿಗೆ ಮುರಿಗೆವ್ವ ಹೊಡೆದ ಬೊಬ್ಬೆ ಗೋಳಗುಮ್ಮಟಕ್ಕೂ ಕೇಳಿಸಿರಬೇಕು. ಆದರೆ ನಿಜವಾದ ಕಷ್ಟ ಮನೆಯ ನೇಮದ್ದು. ಒಲೆಯ ಮುಂದೆ ಕೂತರೆ ಬೆವರಿಗೆ ಪಟ್ಟಿ ನಿಲ್ಲದು. ಒಂದು ಮಧ್ಯಾಹ್ನ ಬಸ್ಸಿನ ಕಂಡಕ್ಟರ್ ಸಂಗು ಝುಣಕದ ತುತ್ತು ಬಾಯಿಗಿಟ್ಟವನು ಜಗಿದ, ಜಗಿದ, ಜಗಿಯುತ್ತಲೇ ಇದ್ದ.

"ಮುರಿಗೆವ್ವಕ್ಕಾ, ಏನಿದು? ಎಷ್ಟ ಜಗದರೂ ಹರೀವಲ್ದು!"

ಮುರಿಗೆವ್ವ ಕಿವಿ ಮುಟ್ಟಿಕೊಂಡಳು. ಪಟ್ಟಿ ಇಲ್ಲ.

"ಲೇ, ಉಗುಳೋ ಅದನ್ನ! ಅದು ನನ್ನ ಕಿವೀದು!"

ಸಂಗು ಬಹಳ ದಿನ ಆ ಕಡೆ ತಲೆ ಹಾಕಲಿಲ್ಲ. ಮುರಿಗೆವ್ವ ಹೊಸ ಪಟ್ಟಿ ತಂದು, ಒಲೆಯ ಕೆಲಸ ಮುಗಿದ ಮೇಲೆ ಕಿವಿ ತೊಳೆದು ಒರೆಸಿಕೊಂಡೇ ಹಚ್ಚುವ ರೂಢಿ ಮಾಡಿಕೊಂಡಳು. ಕ್ಲಿಪ್ಪನ್ನು ಮಲಗುವಾಗಲೂ ತೆಗೆಯಲಿಲ್ಲ. ಬೇಸಿಗೆಯ ಹೊತ್ತಿಗೆ ನೆಲ್ಲಿಕಾಯಿ ಕರಗಿ ಹುಣಸೆಬೀಜದಷ್ಟು ಚಪ್ಪಟೆಯಾಗಿತ್ತು.

ಸರಿ, ಆದರೆ ತೂತಿಲ್ಲದ ಕಿವಿಗೆ ಝುಮಕಿ ಹೇಗೆ? ಮುರಿಗೆವ್ವ ಕ್ಲಿಪ್ಪನ್ನು ಕೈಯಲ್ಲಿ ಹಿಡಿದು ತಿರುವಿ ಮುರುವಿ ನೋಡಿದಳು. ಮರುದಿನವೇ ಚಿನ್ನ ಬೆಳ್ಳಿ ಕೆಲಸದ ಪತ್ತಾರನ ಅಂಗಡಿಗೆ ಹೋದಳು. "ಇದಕ್ಕೊಂದ ಕೊಂಡಿ ಹಚ್ಚಪಾ, ಝುಮಕಿ ಇದಕ್ಕ ಜೋತಾಡಲಿ." ಡಾಕ್ಟರೂ, "ಅಕ್ಕಿಕಾಳ ಬೀಳೂ ತನಕ ಅಷ್ಟ ನೋಡ್ರಿ," ಎಂದು ಒಪ್ಪಿದರು.

ಬಬಲೇಶ್ವರದಲ್ಲಿ ಅಕ್ಕಿಕಾಳು ಬಿತ್ತು. ಮುರಿಗೆವ್ವ ಸೆರಗು ಸರಿಸಿದಳು, ಝುಮಕಿ ಬಿಚ್ಚಿ ಮಗಳ ಕಿವಿಗೆ ಹಾಕಿದಳು. ಐಶ್ವರ್ಯ ಅತ್ತಳು, ಇವಳೂ ಅತ್ತಳು. ಅಳುವ ಭರದಲ್ಲಿ ಸೆರಗು ಎಳೆದುಕೊಳ್ಳುವುದೇ ಮರೆತುಹೋಯಿತು. ಕಿವಿಯಲ್ಲಿ ಉಳಿದದ್ದು ಕ್ಲಿಪ್ಪು, ಅದರಡಿ ಇಣುಕುವ ಚಪ್ಪಟೆ ಗಂಟು. ತಲೆಯೆತ್ತಿದರೆ ಶೈಲಾ ಅದನ್ನೇ ದಿಟ್ಟಿಸುತ್ತಿದ್ದಾಳೆ! ಮುಗೀತು ನನ್ನ ಕಥೆ ಎಂದುಕೊಂಡಳು ಮುರಿಗೆವ್ವ.

ಶೈಲಾ ಬಂದವಳೇ ಇವಳ ಕೈ ಹಿಡಿದು ಅಡುಗೆ ಕೋಣೆಯ ಮೂಲೆಗೆ ಎಳೆದೊಯ್ದಳು. ಅತ್ತಿತ್ತ ನೋಡಿ, ಗದ್ದದವರೆಗಿನ ಸೆರಗು ಎತ್ತಿದಳು. ಕಿವಿಯ ತುದಿಯಲ್ಲಿ ನಿಂಬೆಕಾಯಿಯಷ್ಟು ಗಂಟು, ಅದರ ಬುಡಕ್ಕೆ ಬಿಗಿದು ಕಟ್ಟಿದ ಕಂದು ಕೂದಲು.

"ಬೀಗತ್ಯಾರ, ನಿಮ್ಮದು ಹೆಂಗ ಕರಗಿತ್ರಿ? ನಾ ಎಷ್ಟ ಸಲ ಕಟ್ಟಿದರೂ ಹೊಳ್ಳಿ ದೊಡ್ಡದಾಗೇ ಬರಾಕತ್ತೈತಿ."

ಮುರಿಗೆವ್ವ ಆ ಕೂದಲನ್ನು ಬಗ್ಗಿ ನೋಡಿದಳು. "ಯಾರ ಕುದರೀದ್ರಿ ಇದು?"

"ವಿಜಯಪುರದಾಗ ಬುಡ್ಡೇಸಾಬ ಅಂತ ಒಬ್ಬಾಂವ ಅದಾನರಿ..."

ಮುರಿಗೆವ್ವ ಅಲ್ಲೇ ನೆಲಕ್ಕೆ ಕುಕ್ಕರಿಸಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಬೀಗತಿಯ ಕೈ ಹಿಡಿದೇ ಎದ್ದಳು.

"ಸೋಮವಾರ ವಿಜಯಪುರಕ್ಕ ಬರ್ರಿ, ಇಬ್ಬರೂ ಕೂಡೇ ಡಾಕ್ಟರ ಕಡೆ ಹೋಗೂಣು. ಆ ಬಡಪಾಯಿ ಕುದರೀಗೂ ನೊಣಾ ಹೊಡಕೊಳ್ಳಾಕ ಒಂದೀಟ ಬಾಲಾ ಬೆಳೀಲಿ."