ಕಕ್ಕಸು ಗುಂಡಿಗೆ ಮೈಸೂರು ಪೇಟ

ನಾನು ಒಳ್ಳೆಯ ಹೆಂಗಸಲ್ಲ. ನನ್ನ ವಿಡಿಯೊ ನೋಡುವವರಿಗೆ ಇದು ಗೊತ್ತು, ಗೊತ್ತಿಲ್ಲದವರು ಈಗ ತಿಳಿದುಕೊಳ್ಳಿ. ಬಸ್ಸಿನಲ್ಲಿ ಯಾರಾದರೂ ಕಾಲು ತುಳಿದರೆ ‘ಪರವಾಗಿಲ್ಲ ಬಿಡಿ’ ಎಂದು ನಗುತ್ತೇನೆ. ಆದರೆ ಅವರ ಮುಖ ಮರೆಯುವುದಿಲ್ಲ. ಇಲ್ಲಿ ಹೇಳುತ್ತಿರುವುದು ಹಾಗೆ ಮರೆಯದೆ ಇಟ್ಟುಕೊಂಡ ಒಬ್ಬರ ಬಗ್ಗೆ. ಹೆಸರು ಬೇಡ. ದೊಡ್ಡ ವಿಜ್ಞಾನಿಗಳು. ನಿವೃತ್ತಿಯಾದ ಮೇಲೂ ಕುರ್ಚಿ ಬಿಡದವರು.

ಫೋನ್ ಮುಂದೆ ಕೂತು ಬಾಯಿ ಬಡಿದುಕೊಳ್ಳುವುದಕ್ಕೆ ಮೊದಲು ನಾನೂ ಒಂದು ಕೆಲಸದಲ್ಲಿದ್ದೆ. ರಸಾಯನಶಾಸ್ತ್ರ ಓದಿ, ನೀರು ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಗುತ್ತಿಗೆ ಮೇಲೆ ಸೇರಿದ್ದೆ. ಅವರು ಅಲ್ಲಿನ ಮುಖ್ಯಸ್ಥರು. ಮೈಸೂರಿನ ಬೋಗಾದಿ, ಶ್ರೀರಾಂಪುರದ ಕಡೆ ಆಗ ಬಡಾವಣೆಗಳು ಏಳುತ್ತಿದ್ದವು. ಮನೆ ಮೊದಲು, ಒಳಚರಂಡಿ ಆಮೇಲೆ. ಹಾಗಾಗಿ ಸೈಟಿನ ಒಂದು ಮೂಲೆಯಲ್ಲಿ ಕಕ್ಕಸು ಗುಂಡಿ, ಇನ್ನೊಂದು ಮೂಲೆಯಲ್ಲಿ ಬೋರ್‌ವೆಲ್. ಎರಡರ ನಡುವೆ ಒಂದು ಸ್ಕೂಟರ್, ನಾಲ್ಕು ತುಳಸಿ ಗಿಡ. ಗುಂಡಿಯ ನೀರು ಮಣ್ಣಿನೊಳಗೆ ಎಲ್ಲಿಗೆ ಹೋಗುತ್ತದೆ ಎಂದು ಹೇಳಲು ವಿಜ್ಞಾನಿಯೇ ಬೇಕಿಲ್ಲ, ಬೆಳಿಗ್ಗೆ ಕೊಳಾಯಿ ತಿರುಗಿಸಿದರೆ ಮೂಗೇ ಹೇಳುತ್ತಿತ್ತು. ಆ ನೀರನ್ನು ಕಾಂಪೌಂಡಿನ ಒಳಗೇ ಕಡಿಮೆ ಖರ್ಚಿನಲ್ಲಿ ಶುದ್ಧ ಮಾಡುವ ದಾರಿ ಹುಡುಕಬೇಕೆಂಬುದು ನನ್ನ ಆಸೆಯಾಗಿತ್ತು.

ಪರಿಸರಕ್ಕೆ ಸಂಬಂಧಿಸಿದ ಯಾವ ತಂತ್ರಜ್ಞಾನದ ಮೇಲೆ ಮುಂದಿನ ವರ್ಷಗಳಲ್ಲಿ ಸಂಶೋಧನೆ ನಡೆಯಬೇಕು ಎಂದು ತೀರ್ಮಾನಿಸಲು ಒಂದು ಸಭೆ ಕರೆದರು. ಗೋಡೆಯ ತುಂಬ ಚಾರ್ಟು, ಒಂದೊಂದು ಚಾರ್ಟಿನಲ್ಲಿ ಒಂದೊಂದು ವಿಷಯ. ಎಲ್ಲರ ಕೈಗೂ ಕೆಂಪು ದುಂಡನೆಯ ಸ್ಟಿಕರ್ ಕೊಡುತ್ತಾರೆ. ನಿಮಗೆ ಮುಖ್ಯ ಅನಿಸಿದ ವಿಷಯಕ್ಕೆ ಅಂಟಿಸಬೇಕು, ಹೆಚ್ಚು ಸ್ಟಿಕರ್ ಬಿದ್ದ ವಿಷಯ ಗೆದ್ದಂತೆ. ಕೇಳಲು ಎಷ್ಟು ನ್ಯಾಯವಾಗಿದೆ! ಆದರೆ ಇದು ನಮ್ಮೂರು. ಮದುವೆ ಊಟದಲ್ಲಿ ಹಿರಿಯರು ಎಲೆ ಮಡಿಸುವವರೆಗೆ ನಾವು ಏಳುತ್ತೇವೆಯೆ? ಇಲ್ಲೂ ಅದೇ. ಅವರು ಎದ್ದು, ಗಂಟಲು ಸರಿಮಾಡಿಕೊಂಡು, ರಸ್ತೆಯ ಹೊಗೆ ಹೀರುವ ಗೋಪುರದ ಚಾರ್ಟಿಗೆ ಅಂಟಿಸಿದರು. ಆಮೇಲೆ ಡೆಪ್ಯುಟಿ, ಆಮೇಲೆ ಅವರ ಕೆಳಗಿನವರು, ಸಂಬಳದ ಕ್ರಮದಲ್ಲೇ ಸಾಲಾಗಿ ಹೋಗಿ ಅಲ್ಲಿಗೇ ಅಂಟಿಸಿದರು. ಗೋಪುರಕ್ಕೆ ಸಿಡುಬು ಎದ್ದ ಹಾಗಿತ್ತು. ನಾನು ಬರೆದುಕೊಟ್ಟಿದ್ದ ಗುಂಡಿಯ ಚಾರ್ಟಿನಲ್ಲಿ ನನ್ನದೊಂದೇ ಸ್ಟಿಕರ್.

ಅವರು ಅದರ ಮುಂದೆ ಬಂದು ನಿಂತರು.

“ಇದೇನಮ್ಮ ಇದು? ಕಕ್ಕಸ್ ನೀರಿಗೂ ರಿಸರ್ಚಾ? ಫಾರಿನ್‌ನೋರು ಬಂದು ನೋಡೋ ಅಂಥದ್ದೇನಾದ್ರೂ ಯೋಚ್ನೆ ಮಾಡಮ್ಮ. ಇದಕ್ಕೆ ಪ್ಲಂಬರ್ ಸಾಕು.”

ಎಲ್ಲರೂ ನಕ್ಕರು. ನಗು ಅಷ್ಟಕ್ಕೇ ನಿಂತಿದ್ದರೆ ಬಹುಶಃ ಮರೆಯುತ್ತಿದ್ದೆ. ಕಾಫಿ ಫ್ಲಾಸ್ಕ್ ಇಟ್ಟಿದ್ದ ಮೇಜು ಅಲ್ಲಾಡುತ್ತಿತ್ತು. ಅವರು ನನ್ನ ಚಾರ್ಟನ್ನು ಗೋಡೆಯಿಂದ ಕಿತ್ತು, ನಾಲ್ಕು ಮಡಿಕೆ ಮಾಡಿ, ಮೇಜಿನ ಕಾಲಿನ ಕೆಳಗೆ ತುರುಕಿದರು. “ನೋಡಿ, ಈಗ ಉಪಯೋಗಕ್ಕೆ ಬಂತು,” ಎಂದು ಕೈ ಒರೆಸಿಕೊಂಡರು. ಆ ವರ್ಷವೇ ನನ್ನ ಗುತ್ತಿಗೆ ಮುಗಿಯಿತು. ಮತ್ತೆ ಕರೆಯಲಿಲ್ಲ.

ಗೋಪುರವನ್ನು ಒಂದು ಸರ್ಕಲ್ಲಿನಲ್ಲಿ ನಿಲ್ಲಿಸಿದರು. ಕೆಲವು ದಿನ ಗುಂಯ್ ಎಂದಿತು, ಆಮೇಲೆ ಸುಮ್ಮನಾಯಿತು. ಈಗ ಅಲ್ಲಿ ಪಾರಿವಾಳಗಳ ಸಂಸಾರ. ನಾನು ಮಾಡಿದ ಮೊದಲ ವಿಡಿಯೊ ಅದರದೇ. ‘ಹೊಗೆ ಹೀರಲು ಬಂದು ಬಾಣಂತನ ಮಾಡುತ್ತಿರುವ ಗೋಪುರ’ ಎಂದು ತಲೆಬರಹ ಕೊಟ್ಟಿದ್ದೆ. ಜನ ಬಿದ್ದು ಬಿದ್ದು ನೋಡಿದರು. ಹಾಗೆ ಹೇಳುವುದಾದರೆ ನನ್ನ ಈಗಿನ ಅನ್ನಕ್ಕೆ ದಾರಿ ಮಾಡಿದವರೂ ಅವರೇ. ಅದಕ್ಕೆ ಕೃತಜ್ಞತೆ ಏನೂ ಇಲ್ಲ.

ಈಚೆಗೆ ಅಂಥದೇ ಸಭೆ ಮತ್ತೆ ಸೇರಿತು, ಚಾಮರಾಜಪುರಂನ ಒಂದು ಹಾಲ್‌ನಲ್ಲಿ. ಈಗ ಜನರ ಪ್ರತಿನಿಧಿಯೂ ಇರಬೇಕಂತೆ. ಮೈಕ್ ಹಿಡಿದು ಸಭೆ ನಡೆಸಿಕೊಡಲು ನನ್ನನ್ನು ಕರೆದರು. ಮುಖ್ಯ ಅತಿಥಿ ಯಾರು ಎಂದು ಕೇಳಿದೆ. ಹೇಳಿದರು. ನಾನು ಆ ಕ್ಷಣವೇ ಒಪ್ಪಿಕೊಂಡೆ.

ಲ್ಯಾಬಿನಲ್ಲಿ ನನ್ನ ಜೊತೆಗಿದ್ದ ಗೆಳತಿ ಈಗ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಅವಳು ಈ ಸಲ ನಮ್ಮ ಗುಂಡಿ ನೀರಿನ ವಿಷಯವನ್ನೇ ಮತ್ತೆ ಬರೆದುಕೊಟ್ಟಿದ್ದಳು. ಚಾರ್ಟನ್ನು ಫ್ಯಾನ್ ಸ್ವಿಚ್ಚಿನ ಪಕ್ಕ, ಯಾರಿಗೂ ಕಾಣದ ಮೂಲೆಯಲ್ಲಿ ಅಂಟಿಸಿದ್ದರು. ಗೋಡೆಯ ನಟ್ಟನಡುವೆ ಅವರ ಹೊಸ ಹುಚ್ಚು: ಕಸ ಹಾಕಿದರೆ ಥ್ಯಾಂಕ್ಸ್ ಹೇಳುವ ಬುದ್ಧಿವಂತ ತೊಟ್ಟಿ. ಇಷ್ಟೆಲ್ಲ ಚಾರ್ಟಿನಲ್ಲಿ ಗೆಲ್ಲುವುದು ಮೂರೇ ವಿಷಯ.

“ಆಗಲ್ಲ ಬುಡೇ,” ಎಂದಳು ಗೆಳತಿ. “ಅವ್ರು ಎದ್ದೋಗಿ ತೊಟ್ಟಿಗೆ ಅಂಟಿಸ್ತಾರೆ. ಮಿಕ್ಕೋರೆಲ್ಲಾ ಹಿಂದೆ ಹೋಗ್ತಾರೆ. ಈ ಸಲ ತಪ್ಪಿದ್ರೆ ನಾನು ರಿಟೈರ್ ಆಗೋ ತನಕ ಇದು ಮೇಲಕ್ಕೆ ಬರಲ್ಲ ಕಣೇ.”

“ಅವ್ರು ಮೊದ್ಲು ಏಳ್ದೇ ಇದ್ರೆ?”

“ಎಂಗೆ ಏಳ್ದೇ ಇರ್ತಾರೆ? ಕಟ್ಟಾಕ್ತೀಯಾ?”

ಕಟ್ಟಿಹಾಕಿದೆ. ಹಗ್ಗ ಬೇಕಾಗಲಿಲ್ಲ, ಸನ್ಮಾನ ಸಾಕಾಯಿತು. ವ್ಯವಸ್ಥಾಪಕರನ್ನು ಪಕ್ಕಕ್ಕೆ ಕರೆದು, “ಅಲ್ಲಾ ಸಾರ್, ಅಷ್ಟ್ ದೊಡ್ಡೋರನ್ನ ಕರ್ಸಿ ಬರೀ ಬೊಕೆ ಕೊಟ್ಟು ಕಳಿಸ್ತೀರಾ? ಏನಂದ್ಕೋತಾರೆ?” ಎಂದೆ. ಅವರ ಮುಖ ಬಿಳಿಚಿಕೊಂಡಿತು. ಪೇಟ ಮರೆತೇ ಹೋಗಿತ್ತು. ಯಾರೋ ಸ್ಕೂಟರಿನಲ್ಲಿ ಮಾರ್ಕೆಟ್ಟಿಗೆ ಓಡಿದರು. ಕಾಫಿ ವಿರಾಮ ಮುಗಿಯುವಷ್ಟರಲ್ಲಿ ಜರಿಯ ಮೈಸೂರು ಪೇಟ, ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ ಎಲ್ಲ ಬಂದವು.

ಅವರನ್ನು ವೇದಿಕೆಯ ದೊಡ್ಡ ಕುರ್ಚಿಯಲ್ಲಿ ಕೂರಿಸಿದೆವು. ನಾನು ಯಾರೆಂದು ಅವರಿಗೆ ನೆನಪೇ ಇರಲಿಲ್ಲ. ಪೇಟ ಒಂದು ಸೈಜು ದೊಡ್ಡದಾಗಿ ಹುಬ್ಬಿನವರೆಗೆ ಇಳಿಯಿತು. ತೊಡೆಯ ಮೇಲೆ ಬುಟ್ಟಿ, ಬುಟ್ಟಿಯ ತುದಿಯಲ್ಲಿ ಅನಾನಸ್. ಮೈಕ್ ಹಿಡಿದು ನಾನು, “ಸರ್ ಅವರ ಸಾಧನೆಯ ಬಗ್ಗೆ ಅವರ ಶಿಷ್ಯರು ಒಬ್ಬೊಬ್ಬರಾಗಿ ಮಾತನಾಡಲಿದ್ದಾರೆ. ಸಮಯ ಉಳಿಸಲು ಉಳಿದವರು ಹಿಂದಿನ ಗೋಡೆಗೆ ಹೋಗಿ ಸ್ಟಿಕರ್ ಅಂಟಿಸಬೇಕೆಂದು ವಿನಂತಿ,” ಎಂದೆ. ಎಷ್ಟು ವಿನಯ ಎಂದರೆ ನನ್ನ ಧ್ವನಿ ನನಗೇ ಗುರುತು ಸಿಗಲಿಲ್ಲ.

ಮೊದಲು ಯಾರೂ ಕದಲಲಿಲ್ಲ. ವೇದಿಕೆಯತ್ತ ನೋಡಿದರು, ಗೋಡೆಯತ್ತ ನೋಡಿದರು. ಯಾರ ಹಿಂದೆ ಹೋಗುವುದು? ಕೊನೆಗೆ ಶ್ರೀರಾಂಪುರದ ಒಬ್ಬ ನಿವೃತ್ತ ಇಂಜಿನಿಯರ್ ಎದ್ದರು. ಬುದ್ಧಿವಂತ ತೊಟ್ಟಿಯ ಮುಂದೆ ನಿಂತು ಓದಿದರು. ಮುಂದೆ ಹೋದರು. ಫ್ಯಾನ್ ಸ್ವಿಚ್ಚಿನ ಹತ್ತಿರ ನಿಂತು ಪಕ್ಕದವರಿಗೆ ಮೆಲ್ಲಗೆ, “ನಮ್ಮನೇಲೂ ಇದೇ ಗೋಳು ಕಣ್ರೀ. ಸೊಸೆ ಆ ನೀರಲ್ಲಿ ಮಗೂಗೆ ಸ್ನಾನ ಮಾಡ್ಸಲ್ಲ,” ಎಂದು ಹೇಳಿ ಅಂಟಿಸಿದರು.

“ನಿಮ್ಮನೇಲೂನಾ? ನಾನು ನಮ್ಮದೊಂದೇ ಅಂದ್ಕೊಂಡಿದ್ದೆ!”

ಅಷ್ಟೇ ಬೇಕಾಗಿತ್ತು. ಮೂಲೆಯಲ್ಲಿ ಜನ ಸೇರಿದರು. ಎಲ್ಲರಿಗೂ ಅವರವರ ಮನೆಯ ವಾಸನೆ ನೆನಪಾಯಿತು. ತಮ್ಮ ಮನೆಯ ಗುಟ್ಟು ಎಂದು ಮುಚ್ಚಿಟ್ಟುಕೊಂಡಿದ್ದವರೆಲ್ಲ ಬಾಯಿ ಬಿಟ್ಟರು. ವೇದಿಕೆಯಲ್ಲಿ ಶಿಷ್ಯರೊಬ್ಬರು ಗುರುಗಳನ್ನು ಹಿಮಾಲಯಕ್ಕೆ ಹೋಲಿಸುತ್ತಿದ್ದರು. ಹಿಮಾಲಯ ಪೇಟವನ್ನು ಮೇಲಕ್ಕೆ ತಳ್ಳಿಕೊಂಡು ಹಿಂದಿನ ಗೋಡೆಯನ್ನು ನೋಡಲು ಹೆಣಗುತ್ತಿತ್ತು. ಎರಡು ಸಲ ಏಳಲು ನೋಡಿದರು. ಎರಡು ಸಲವೂ ನಾನೇ ಹೋಗಿ, “ಕೂತ್ಕೊಳಿ ಸಾರ್, ಇನ್ನೊಬ್ರು ಮಾತಾಡೋರಿದಾರೆ,” ಎಂದು ಬುಟ್ಟಿ ಸರಿಮಾಡಿ ಬಂದೆ. ಆ ಸುಖವನ್ನು ಹೇಗೆ ವಿವರಿಸಲಿ? ಹಲ್ಲಿನಲ್ಲಿ ಸಿಕ್ಕಿಕೊಂಡಿದ್ದ ಅಡಿಕೆ ಚೂರು ವರ್ಷಗಳ ಮೇಲೆ ಹೊರಗೆ ಬಂದ ಹಾಗೆ.

ಗುಂಡಿ ನೀರು ಮೊದಲ ಸ್ಥಾನಕ್ಕೆ ಬಂತು. ತೊಟ್ಟಿ ಮೂರರಲ್ಲಿ ಇರಲಿಲ್ಲ.

ನಾನು ಕುಣಿಯಬೇಕು ಅನ್ನುವಷ್ಟರಲ್ಲಿ ವ್ಯವಸ್ಥಾಪಕರು ಮೈಕ್ ತೆಗೆದುಕೊಂಡು, ಪದ್ಧತಿಯಂತೆ ಮೊದಲ ವಿಷಯದ ಸಮಿತಿಗೆ ಸಭೆಯಲ್ಲಿ ಎಲ್ಲರಿಗಿಂತ ಹಿರಿಯರು ಅಧ್ಯಕ್ಷರಾಗಬೇಕು ಎಂದರು. ಎಲ್ಲರೂ ಪೇಟದ ಕಡೆ ತಿರುಗಿದರು. ಗೆಳತಿ ನನ್ನ ತೋಳು ಚಿವುಟಿದಳು. “ಅಯ್ಯೋ, ಮತ್ತೆ ಅವ್ರ ಕೈಗೇ ಹೋಯ್ತಲ್ಲೇ! ಸಾಯಿಸ್ಬುಡ್ತಾರೆ ಇದನ್ನ.”

ಅವರು ಎದ್ದು ನಿಂತರು. “ಇದು ನನ್ನ ಫೀಲ್ಡ್ ಅಲ್ಲ. ಯಾರಾದ್ರೂ ಯಂಗ್‌ಸ್ಟರ್ಸ್...”

ಜಾರಿಕೊಳ್ಳುತ್ತಿದ್ದರು. ಬಿಟ್ಟುಬಿಟ್ಟರೆ ವಿಷಯಕ್ಕೆ ಒಳ್ಳೆಯದು, ಗೆಳತಿಗೂ ಒಳ್ಳೆಯದು. ನನ್ನ ಹೊಟ್ಟೆಗೆ ಮಾತ್ರ ಒಳ್ಳೆಯದಾಗುತ್ತಿರಲಿಲ್ಲ. ಮೈಕ್ ಕಿತ್ತುಕೊಂಡೆ.

“ಬೇಡ ಅನ್ನೋದು ಅವರ ದೊಡ್ಡತನ! ಆದ್ರೆ ಇಂಥ ಕೆಲಸಕ್ಕೆ ಇಂಥೋರೇ ಬೇಕು. ಸರ್ ತಾವೇ ಒಂದೊಂದು ಗುಂಡಿ ಹತ್ರಾನೂ ಬಂದು ನೋಡ್ತಾರೆ, ನಾನು ಜೊತೇಲಿದ್ದು ಲೈವ್ ಮಾಡ್ತೀನಿ. ಇಡೀ ಮೈಸೂರು ನೋಡ್ಲಿ. ಜೋರಾಗಿ ಚಪ್ಪಾಳೆ!”

ಚಪ್ಪಾಳೆ ಬಿತ್ತು. ಹಾರ ಹಾಕಿಸಿಕೊಂಡ ಕೊರಳು ಅಷ್ಟು ಜನರ ಮುಂದೆ ಇಲ್ಲ ಎನ್ನುವುದಾದರೂ ಹೇಗೆ? ತಲೆ ಆಡಿಸಿದರು, ಪೇಟ ಮತ್ತೆ ಇಳಿಯಿತು.

“ನಿಂಗೆ ತಲೆ ಕೆಟ್ಟಿದ್ಯಾ?” ಎಂದು ಗೆಳತಿ ಬೈದಳು.

“ಕ್ಯಾಮೆರಾ ಮುಂದೆ ಎಂಗೆ ಸಾಯಿಸ್ತಾರೋ ನೋಡೋಣ ಇರು.”

ಮೊದಲ ಭೇಟಿ ಬೋಗಾದಿಯಲ್ಲಿ, ನಮ್ಮ ಮನೆಯ ಹಿಂದಿನ ಬೀದಿಯ ಒಂದು ಮನೆಗೆ. ಗುಂಡಿಯ ಚಪ್ಪಡಿ ಸರಿಸಿದ ತಕ್ಷಣ ಅವರ ಕೈ ಕರ್ಚೀಫಿಗೆ ಹೋಯಿತು. “ಸಾರ್, ಲೈವ್ ಇದೆ,” ಎಂದೆ. ಕರ್ಚೀಫು ಜೇಬಿಗೆ ವಾಪಸ್ ಹೋಯಿತು. ಆ ಮನೆಯಾಕೆ ಕಾಫಿ ತಂದು ಕೈಗಿಟ್ಟು ಒಳಗೆ ಹೋದರು. ಅವರು ಲೋಟ ನೋಡಿದರು, ಗುಂಡಿ ನೋಡಿದರು, ಆಚೆ ಮೂಲೆಯ ಬೋರ್‌ವೆಲ್ ನೋಡಿದರು. ನನ್ನ ಕಿವಿಯ ಹತ್ತಿರ ಬಗ್ಗಿ, “ಮೇಡಂ, ಇದು ಬೋರ್ ನೀರಿಂದಾ?” ಎಂದು ಕೇಳಿದರು.

“ನಮ್ ಕಡೆ ಇನ್ಯಾವ್ ನೀರಿದೆ ಸಾರ್? ಕುಡೀರಿ, ಬೇಜಾರ್ ಮಾಡ್ಕೋತಾರೆ.”

ಕಾಫಿ ಮಾಡಿದ್ದು ದುಡ್ಡು ಕೊಟ್ಟು ತರಿಸಿದ ಕ್ಯಾನ್ ನೀರಿನಲ್ಲಿ. ಆ ಬೀದಿಯಲ್ಲಿ ಯಾರೂ ಬೋರ್ ನೀರನ್ನು ಬಾಯಿಗೆ ಹಾಕುವುದಿಲ್ಲ. ನನಗೆ ಗೊತ್ತಿತ್ತು, ಹೇಳಲಿಲ್ಲ. ಅವರು ಕಣ್ಣು ಮುಚ್ಚಿ, ಔಷಧಿಯಂತೆ ಒಂದೇ ಗುಟುಕಿಗೆ ಕುಡಿದರು. ಕುಡಿದವರೇ ಜೊತೆಗೆ ಬಂದಿದ್ದ ಗೆಳತಿಯ ಕಡೆ ತಿರುಗಿ, ನಾಳೆಯಿಂದಲೇ ಪ್ರತಿ ಮನೆಯ ನೀರೂ ಲ್ಯಾಬಿಗೆ ಬರಬೇಕೆಂದು ಹೇಳಿದರು. ಗೆಳತಿ ಎಷ್ಟು ವರ್ಷ ಬೇಡಿಕೊಂಡರೂ ಆಗದ ಕೆಲಸ ಒಂದು ಲೋಟ ಕಾಫಿಯಲ್ಲಿ ಆಯಿತು. ಕೆಲಸ ಈಗಲೂ ನಡೆಯುತ್ತಿದೆ. ಸರ್, ನೀವು ಇದನ್ನು ಓದುತ್ತಿದ್ದರೆ ಕಾಫಿಯ ವಿಷಯ ಈಗ ತಿಳಿದುಕೊಳ್ಳಿ, ಹೊಟ್ಟೆಗೆ ಏನೂ ಆಗುವುದಿಲ್ಲ.

ಎರಡನೆಯ ಸಲ ಅದೇ ಬೀದಿಗೆ ಬಂದಾಗ ಅವರು ಮನೆಯಿಂದ ಸ್ಟೀಲ್ ಬಾಟಲಿಯಲ್ಲಿ ನೀರು ತಂದಿದ್ದರು. ಮುಚ್ಚಳ ತೆಗೆಯುವಾಗ ನಾನು ಫೋನನ್ನು ಅತ್ತ ತಿರುಗಿಸಿದೆ. ಕಾಫಿ ಕೊಟ್ಟಿದ್ದ ಮನೆಯಾಕೆ ತಮ್ಮ ಗೇಟಿನಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದರು.

“ನೀವು ಒಂದ್ ದಿನಕ್ಕೇ ಬಾಟ್ಲು ತಂದ್ಬುಟ್ರಿ ಸಾರ್. ನಾವು ಇಲ್ಲೇ ಇರೋರು, ಏನ್ ಮಾಡಾಣ ಹೇಳಿ?”

ಅವರು ಮುಚ್ಚಳವನ್ನು ಮತ್ತೆ ತಿರುಗಿಸಿ, ಬಾಟಲಿಯನ್ನು ಬೆನ್ನ ಹಿಂದೆ ಹಿಡಿದುಕೊಂಡರು. ನಾನು ಫೋನು ಕೆಳಗಿಳಿಸಲಿಲ್ಲ.