ಮಹಾಂತಯ್ಯ ಮಾಸ್ತರರ ಐವತ್ತು ಪುಸ್ತಕ

ಮಹಾಂತಯ್ಯ ಮಾಸ್ತರರನ್ನು ನಾನು ಮೊದಲು ಕಂಡದ್ದು ೧೯೭೭ನೇ ಇಸವಿ ಜೂನ್ ತಿಂಗಳ ಒಂದು ಸೋಮವಾರ. ಮಾನ್ವಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಕಸ ಹೊಡೆಯುವುದು, ನೀರು ತುಂಬುವುದು, ಗಂಟೆ ಬಾರಿಸುವುದು ನನ್ನ ಕೆಲಸ. ಅವತ್ತು ಗಂಟೆ ಬಾರಿಸಲು ಇನ್ನೂ ಅರ್ಧ ತಾಸು ಇತ್ತು. ಬಿಳಿ ಧೋತರ, ಬಿಳಿ ಅಂಗಿ, ಹಣೆಯ ಮೇಲೆ ಪಟ್ಟಿ ಹಿಡಿದು ಎಳೆದಂತೆ ಮೂರು ಗೆರೆ ವಿಭೂತಿ, ಬಗಲಲ್ಲಿ ಕೊಡೆ. ಬಂದವರು ಕುರ್ಚಿ ಕೇಳಲಿಲ್ಲ, ನೀರು ಕೇಳಿದರು. ಕುಡಿಯಲು ಅಲ್ಲ, ಕೈ ತೊಳೆಯಲು. ತೊಳೆದರು, ಒರೆಸಿಕೊಂಡರು, ಯಾಕೋ ಸಮಾಧಾನವಾಗದೆ ಮತ್ತೊಮ್ಮೆ ತೊಳೆದರು. ಆಮೇಲೆ ಮೂಲೆಯಲ್ಲಿದ್ದ ಕಬ್ಬಿಣದ ಅಲಮಾರಿಯನ್ನು ನೋಡಿದರು.

"ಅದರಾಗ ಏನದವ್ವಾ?"

"ಕಸಬರಿಗಿ ಅದಾವ್ರಿ ಅಯ್ಯನೋರ. ಒಂದು ಡಬ್ಬಿ ಚಾಕ್‌ಪೀಸು, ಒಂದು ಹರಕ ನಕಾಶಿ. ಮತ್ತ ಒಂದಿಷ್ಟು ಪುಸ್ತಕ."

"ಪುಸ್ತಕ ಅಂತ ಮೊದಲ ಹೇಳಬೇಕಿಲ್ಲ?"

"ದಿನಾ ಬೇಕಾಗೋದು ಕಸಬರಿಗಿನರಿ."

ಹೊಸ ಹೆಡ್‌ಮಾಸ್ತರರು ಇವರೇ ಎಂದು ನನಗೆ ಹತ್ತು ನಿಮಿಷ ಬಿಟ್ಟು ತಿಳಿಯಿತು. ಅಷ್ಟರಲ್ಲಿ ನನ್ನ ಕಸಬರಿಗೆಗಳು ಹೊರಗೆ ಬಿದ್ದಿದ್ದವು.

ಅವರ ಊರು ದೇವದುರ್ಗದ ಕಡೆಯ ಜಾಲಹಳ್ಳಿ. ಐವತ್ತರ ಹತ್ತಿರದ ವಯಸ್ಸು. ಪುಸ್ತಕವೆಂದರೆ ಪ್ರಾಣ, ಆದರೆ ಆ ಪ್ರೀತಿ ಕಾಪಾಡುವುದಕ್ಕೇ ಮುಗಿದುಹೋಗುತ್ತಿತ್ತು. ಅಲಮಾರಿಯಲ್ಲಿದ್ದ ಇಪ್ಪತ್ತಮೂರು ಪುಸ್ತಕಗಳನ್ನು ಎರಡು ದಿನ ಬಿಸಿಲಿಗೆ ಹಾಕಿದರು. ನಡುನಡುವೆ ಒಣಗಿದ ಬೇವಿನೆಲೆ ಇಟ್ಟರು. ಒಂದೊಂದಕ್ಕೂ ಹಳೆಯ ಪೇಪರಿನ ಹೊದಿಕೆ ಹಾಕಿದರು. ಎಲ್ಲವೂ ಒಂದೇ ತಾಯಿಯ ಮಕ್ಕಳಂತೆ ಕಾಣತೊಡಗಿದವು. ಯಾವುದರಲ್ಲಿ ಹುಲಿ ಇದೆ, ಯಾವುದರಲ್ಲಿ ಲೆಕ್ಕ ಇದೆ ಎಂದು ಹೊರಗಿನಿಂದ ಯಾರಿಗೂ ತಿಳಿಯುವಂತಿರಲಿಲ್ಲ.

ಯಾವುದಾದರೂ ಮಗು ಧೈರ್ಯ ಮಾಡಿ ಪುಸ್ತಕ ಕೇಳಿದರೆ, "ಬಲಗೈ ತೋರಿಸು. ಎಡಗೈ ತೋರಿಸು. ಉಗುರು ತೋರಿಸು. ಹೋಗಿ ತೊಳಕೊಂಡು ಬಾ" ಎನ್ನುತ್ತಿದ್ದರು. ತೊಳೆದುಕೊಂಡು ಬಂದರೆ ಒದ್ದೆ ಕೈ ಎಂದು ಒಣಗುವವರೆಗೆ ನಿಲ್ಲಿಸುತ್ತಿದ್ದರು. ಒಣಗುವ ಹೊತ್ತಿಗೆ ನಾನು ಮುಂದಿನ ಪಾಠದ ಗಂಟೆ ಬಾರಿಸುತ್ತಿದ್ದೆ.

ಮರುವರ್ಷ ಜುಲೈನಲ್ಲಿ ರಾಯಚೂರಿನಿಂದ ತಪಾಸಣೆಯ ಸಾಹೇಬರು ಬಂದರು. ಪುಸ್ತಕ ಒಯ್ದವರ ಹೆಸರು ಬರೆಯುವ ವಹಿ ತೆಗೆದು ನೋಡಿದರು. ಅದರಲ್ಲಿ ಮಾಸ್ತರರು ಕೆಂಪು ಶಾಯಿಯಲ್ಲಿ ಎಳೆದ ಗೆರೆಗಳು ಬಿಟ್ಟು ಬೇರೆ ಏನೂ ಇರಲಿಲ್ಲ. ಗೆರೆ ಮಾತ್ರ ಬಹಳ ಚಂದ ಇದ್ದವು.

"ಮಹಾಂತಯ್ಯನೋರ, ನಿಮ್ಮ ಶಾಲಿಗೆ ಐವತ್ತು ಹೊಸಾ ಪುಸ್ತಕ ಮಂಜೂರಾಗ್ಯಾವ" ಎಂದರು ಸಾಹೇಬರು. "ನೀವೇ ರಾಯಚೂರಿಗೆ ಬಂದು ಆರಿಸ್ಕೊಳ್ರಿ. ಜನವರಿಗೆ ನಾ ಮತ್ತ ಬರ್ತೀನಿ. ಆವಾಗೂ ವಹಿ ಹಿಂಗ ಖಾಲಿ ಇತ್ತಂದ್ರ, ಪುಸ್ತಕ ಅಲಮಾರಿ ಸಮೇತ ದೇವದುರ್ಗದ ಶಾಲಿಗೆ ಕಳಿಸ್ತೀನಿ."

ಮಾಸ್ತರರ ಮುಖ ಬಾಡಿತು. ಬೇರೆ ಯಾವ ಊರಾದರೂ ಆಗಬಹುದಿತ್ತು, ದೇವದುರ್ಗ ಅವರ ಬೀಗರ ಊರು. ಮಾನ್ವಿಯ ಮಕ್ಕಳು ಓದಲೊಲ್ಲರು ಎಂದು ಅಲಮಾರಿ ಬೀಗರ ಮನೆ ಮುಂದೆಯೇ ಬಂಡಿಯಲ್ಲಿ ಹೋಗುವುದನ್ನು ಕಣ್ಣಾರೆ ಕಂಡವರಂತೆ ಮಾಸ್ತರರು ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಮೂರನೆಯ ದಿನ, "ಬಂಡೆಮ್ಮಾ, ಶನಿವಾರ ರಾಯಚೂರಿಗೆ ಹೋಗೂಣು. ಗಂಟು ಹೊರಾಕ ನೀ ಬರಬೇಕು" ಎಂದರು.

ಪುಸ್ತಕದ ಅಂಗಡಿ ಜಿಲಾನಿ ಪಾಷಾ ಎಂಬವರದು. ಹತ್ತು ಗಂಟೆಗೆ ಒಳಗೆ ಹೋದೆವು. ಮಾಸ್ತರರು ಕೈ ತೊಳೆದು ಬಂದು ಆರಿಸಲು ಕುಳಿತರು. ಅವರು ಆರಿಸುವ ರೀತಿ ಹೀಗಿತ್ತು: ಪುಸ್ತಕದ ಬೆನ್ನು ಹಿಡಿದು ಎರಡೂ ಕಡೆ ಜಗ್ಗುವುದು, ಹೊಲಿಗೆ ಬಿಡುತ್ತದೋ ನೋಡುವುದು. ಹೆಬ್ಬೆರಳು ಒದ್ದೆ ಮಾಡಿ ಅಕ್ಷರದ ಮೇಲೆ ತಿಕ್ಕುವುದು, ಶಾಯಿ ಬಿಡುತ್ತದೋ ನೋಡುವುದು. ಆಮೇಲೆ ಮೂಸುವುದು. ಪಾಷಾ ಸಾಹೇಬರು ಆರು ಪುಸ್ತಕದವರೆಗೆ ಸುಮ್ಮನಿದ್ದರು.

"ಅರೇ ಮಾಸ್ಟರ್ ಸಾಬ್, ಪುಸ್ತಕ ತಗೊಳ್ಳಾಕ ಬಂದೀರೋ, ಎತ್ತು ತಗೊಳ್ಳಾಕ ಬಂದೀರೋ? ಇನ್ನ ಹಲ್ಲು ಒಂದು ಎಣಿಸೋದು ಉಳದದ."

"ನಾಲ್ಕು ವರ್ಷ ಬಾಳಬೇಕ್ರಿ ಇವು."

"ಯಾರೂ ಮುಟ್ಟಲಿಲ್ಲಂದ್ರ ನಲವತ್ತು ವರ್ಷ ಬಾಳ್ತಾವ, ನೋಡ್ರಿ!"

ನನಗೆ ನಗು ಬಂತು. ಮಾಸ್ತರರು ನೋಡಿದರೆಂದು ಮುಖ ತಿರುಗಿಸಿ, ಕೈಗೆ ಸಿಕ್ಕ ಒಂದು ಪುಸ್ತಕ ತೆಗೆದುಕೊಂಡೆ. ನಾನು ಗಂಡ ಸತ್ತ ಮೇಲೆ ವಯಸ್ಕರ ಶಾಲೆಯಲ್ಲಿ ಒಂದು ಮಳೆಗಾಲ ಅಕ್ಷರ ಕಲಿತವಳು. ಬೆರಳಿಟ್ಟು ಓದುತ್ತೇನೆ. ಒತ್ತಕ್ಷರ ಬಂದರೆ ನಿಂತು, ಹಳ್ಳ ದಾಟುವ ಹಾಗೆ ನೋಡಿಕೊಂಡು ದಾಟುತ್ತೇನೆ. ಆ ಪುಸ್ತಕದಲ್ಲಿ ಒಂದು ಎಮ್ಮೆ, ಒಡತಿಯ ಹಿಂದೆಯೇ ಮದುವೆ ಮನೆಗೆ ಹೊರಟಿತ್ತು. ಮೊದಲ ಪುಟ ಮುಗಿಯಿತು. ಹಾಳೆ ತಿರುವಿದೆ. ಎಮ್ಮೆ ಬಾಗಿಲಲ್ಲಿ ಸಿಕ್ಕಿಬಿತ್ತು, ಒಳಗಿದ್ದ ಮದುಮಗ ಹೊರಗೆ ಬರುವಂತಿಲ್ಲ, ಹೊರಗಿದ್ದ ಪುರೋಹಿತ ಒಳಗೆ ಹೋಗುವಂತಿಲ್ಲ. ಮತ್ತೆ ತಿರುವಿದೆ. ತಲೆ ಎತ್ತಿದರೆ ಮಾಸ್ತರರು, ಪಾಷಾ ಸಾಹೇಬರು ಇಬ್ಬರೂ ನನ್ನನ್ನೇ ನೋಡುತ್ತಿದ್ದರು.

"ಎಷ್ಟು ಹೊತ್ತಾತು ಓದಾಕತ್ತಿ?" ಎಂದರು ಮಾಸ್ತರರು.

"ತಪ್ಪಾತ್ರಿ, ಇಡ್ತೀನಿ."

"ಇಡಬ್ಯಾಡ. ನೀ ಮೂರನೇ ಕ್ಲಾಸಿನ ಹುಡುಗ್ರು ಓದಿದಂಗ ಓದ್ತೀಯಲ್ಲ. ಅಷ್ಟ ನಿಧಾನ, ಅಲ್ಲಲ್ಲೇ ನಿಂದರೋದು!"

"ಬೈಯಾಕತ್ತೀರೋ, ಹೊಗಳಾಕತ್ತೀರೋ ಅಯ್ಯನೋರ?"

"ತೂಗಾಕತ್ತೀನಿ. ತಕ್ಕಡಿ ಸಿಕ್ಕದ."

ಆಮೇಲೆ ಅವರೇ ಒಂದೊಂದು ಪುಸ್ತಕ ನನ್ನ ಮುಂದೆ ಇಟ್ಟರು. ಮೊದಲ ಪುಟ ಓದಬೇಕು. ಮುಗಿದ ಮೇಲೆ ನಾನಾಗಿ ಹಾಳೆ ತಿರುವಿದರೆ ಪುಸ್ತಕ ಬಲಕ್ಕೆ. ತಲೆ ಎತ್ತಿ ಅವರ ಮುಖ ನೋಡಿದರೆ ಎಡಕ್ಕೆ. ದಪ್ಪ ರಟ್ಟಿನ, ಗಟ್ಟಿ ಹೊಲಿಗೆಯ ಒಂದು ಪುಸ್ತಕವನ್ನು ಅವರು ಬಹಳ ಆಸೆಯಿಂದ ಇಟ್ಟರು. ಒಳ್ಳೆಯ ಮಕ್ಕಳು ಸೂರ್ಯ ಹುಟ್ಟುವ ಮೊದಲೇ ಏಳುತ್ತಾರೆ ಎಂದು ಶುರುವಾಗಿತ್ತು. ನಾನು ತಲೆ ಎತ್ತಿದೆ.

"ಯಾಕ? ತಿರುವು."

"ಇದು ನನಗ ಗೊತ್ತದರಿ. ನಾ ದಿನಾ ಏಳ್ತೀನಿ."

ಪಾಷಾ ಸಾಹೇಬರು ಕೌಂಟರ್ ಬಡಿದು ನಕ್ಕು, ಮೂರು ಚಹಾ ತರಿಸಿದರು. ಹೊಲಿಗೆ ಗಟ್ಟಿ ಇದೆ ಎಂಬ ಒಂದೇ ಕಾರಣಕ್ಕೆ ಹದಿಮೂರು ಪುಸ್ತಕಗಳನ್ನು ಮಾಸ್ತರರು ಬಿಡಲೇ ಇಲ್ಲ. ಉಳಿದ ಮೂವತ್ತೇಳು ನಾನು ಹಾಳೆ ತಿರುವಿದವು. ಐದರ ಬಸ್ಸು ತಪ್ಪಿತು, ಆರೂವರೆಯದಕ್ಕೆ ಬಂದೆವು. ಗಂಟನ್ನು ನನಗೆ ಹೊರಲು ಕೊಡಲಿಲ್ಲ. ನನ್ನ ತಲೆಯ ಮೇಲೆ ಎಣ್ಣೆ ಇದೆಯಂತೆ.

ಸೋಮವಾರ ಅಲಮಾರಿಗೆ ಪೂಜೆ. ಹಳೆಯ ಇಪ್ಪತ್ತಮೂರು ಪುಸ್ತಕ ಮಾಸ್ತರರ ಮೇಜಿನ ಖಾನೆ ಸೇರಿದವು. ಮಾಸ್ತರರು ಮೂರು ಬೆರಳು ಅದ್ದಿ ಐವತ್ತೂ ಪುಸ್ತಕಗಳ ಮೇಲೆ ವಿಭೂತಿ ಎಳೆದರು. ಹೂ ಇಟ್ಟರು, ಕಾಯಿ ಒಡೆದರು. ಈ ಸಲ ಪೇಪರು ಹೊದಿಸಲಿಲ್ಲ, ಚಿತ್ರ ಕಾಣಲಿ ಎಂದರು. "ಇನ್ನ ಯಾರು ಬೇಕಾದ್ರೂ ಒಯ್ರಿ" ಎಂದು ಬಾಗಿಲು ತೆರೆದಿಟ್ಟರು.

ಮಕ್ಕಳು ಬಂದರು. ಸಾಲಾಗಿ ಬಂದರು. ಪುಸ್ತಕ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು, ಇದ್ದಲ್ಲೇ ಇಟ್ಟರು, ಕೈ ಮುಗಿದು ಹೋದರು. ಮೂರು ವಾರ ಹೀಗೇ ಆಯಿತು. ಒಯ್ದವಳು ಒಬ್ಬಳೇ, ಒಕ್ಕಲಿಗರ ಶರಣಮ್ಮ. ಅವಳೂ ಪುಸ್ತಕ ಹಿಂದಕ್ಕೆ ತರಲಿಲ್ಲ.

ಕಸ ಹೊಡೆಯುತ್ತ ನಾನು ಮೂರನೇ ಕ್ಲಾಸಿನ ವಾಹಿದಾಳನ್ನು ಕೇಳಿದೆ. ಅವಳ ಅಪ್ಪ ಸಂತೆಯಲ್ಲಿ ಬಳೆ ಮಾರುತ್ತಿದ್ದ. "ಪುಸ್ತಕ ಯಾಕ ಒಯ್ಯವಲ್ಲಿ ಬೇ?"

"ಅವು ದೇವರ ಪುಸ್ತಕ ಅವ್ವಾ. ನಮ್ಮ ಮನ್ಯಾಗ ಶುಕ್ರವಾರ ಖಂಡದ ಖೀಮಾ ಮಾಡ್ತಾರ."

ಪಕ್ಕದಲ್ಲಿದ್ದ ಶರಣಮ್ಮ, "ನಮ್ಮವ್ವ ಜಗಲಿ ಮ್ಯಾಲ ಲಿಂಗದ ಬಾಜೂ ಇಟ್ಟಾಳ. ದಿನಾ ಊದಿನಕಡ್ಡಿ ಹಚ್ತಾಳ. ನನಗ ಮುಟ್ಟಗೊಡವಲ್ಲಳು" ಎಂದಳು.

"ಯಾವ ಪುಸ್ತಕ ಅದು?"

"ಎಮ್ಮಿದು."

ನಾನು ಹೋಗಿ ಮಾಸ್ತರರಿಗೆ ಇದ್ದದ್ದು ಇದ್ದಂತೆ ಹೇಳಿದೆ. ಅವರಿಗೆ ಸಿಟ್ಟು ಬಂತು.

"ವಿಭೂತಿ ಹಚ್ಚಿದ್ರ ತಪ್ಪೇನು? ಎತ್ತಿಗೂ ಹಚ್ತೀವಿ. ಅದು ಹೊಲಕ್ಕ ಹೋಗೂದಿಲ್ಲೇನು?"

"ಹೋಗ್ತದ್ರಿ. ಹಚ್ಚಿದ ಮ್ಯಾಲ ಹಗ್ಗ ಬಿಚ್ಚಿ ಹೊಲಕ್ಕ ಹೊಡೀತೀವಿ. ನೀವು ಪೂಜಿ ಮಾಡಿ ಕೊಟ್ಟಿಗ್ಯಾಗಿನ ಗ್ವಾದ್ಲಿಗೇ ಕಟ್ಟೀರಿ."

ಊಟದ ಬಿಡುವಿನಲ್ಲಿ ಮಾಸ್ತರರು ಅಲಮಾರಿ ಮುಂದೆ ಕುಳಿತು ಒಂದೊಂದೇ ಪುಸ್ತಕವನ್ನು ಹೆಗಲ ಮೇಲಿನ ವಸ್ತ್ರದಿಂದ ಒರೆಸಿದರು. ವಿಭೂತಿ ನೆಲಕ್ಕೆ ಬೀಳಬಾರದಲ್ಲ, ಒರೆಸಿದ್ದನ್ನೆಲ್ಲ ತಮ್ಮ ಹಣೆಗೇ ಹಚ್ಚಿಕೊಂಡರು. ನಲವತ್ತೊಂಬತ್ತು ಪುಸ್ತಕ ಮುಗಿಯುವ ಹೊತ್ತಿಗೆ ಹಣೆ, ಕೆನ್ನೆ, ಕಿವಿ ಎಲ್ಲ ಬೆಳ್ಳಗಾಗಿ, ಹಿಟ್ಟಿನ ಗಿರಣಿಯಿಂದ ಎದ್ದು ಬಂದವರಂತೆ ಕಾಣುತ್ತಿದ್ದರು. ಐವತ್ತನೆಯದಕ್ಕೆ ಶರಣಮ್ಮನ ಮನೆಗೆ ಹೋಗಿ, ಜಗಲಿಯಿಂದ ಎಮ್ಮೆಯನ್ನು ತಾವೇ ಇಳಿಸಿಕೊಂಡು ಬಂದರು.

ಇಷ್ಟಾದರೂ ಮಕ್ಕಳ ಅಂಜಿಕೆ ಹೋಗಲಿಲ್ಲ. ಮಾಸ್ತರರ ಕೈ ತೊಳೆಯುವ ಗೀಳು ಎಲ್ಲರಿಗೂ ಗೊತ್ತಿತ್ತಲ್ಲ. ಮರುದಿನ ಅವರು ನನ್ನನ್ನು ಕರೆದು, "ಎರಡು ಪ್ಲೇಟ್ ಮಂಡಾಳ ಒಗ್ಗರಣಿ, ನಾಲ್ಕು ಮಿರ್ಚಿ ತಗೊಂಡು ಬಾ" ಎಂದರು. ಶಾಲೆಯ ಅಂಗಳದಲ್ಲಿ, ಬೇವಿನ ಮರದ ಕೆಳಗೆ, ಎಲ್ಲ ಮಕ್ಕಳ ಮುಂದೆ ಕುಳಿತರು. ಎಡಗೈಯಲ್ಲಿ ಎಮ್ಮೆಯ ಪುಸ್ತಕ. ಬಲಗೈಯಿಂದ ಮಂಡಕ್ಕಿಯ ಒಗ್ಗರಣೆ ತಿಂದರು, ಮಿರ್ಚಿ ಬಜ್ಜಿ ಮುರಿದರು. ಕೈ ತೊಳೆಯುತ್ತಾರೆಂದು ನಾನು ಚೆಂಬು ಹಿಡಿದು ನಿಂತಿದ್ದೆ. ಬೇಡ ಎಂದು ತಲೆ ಅಲ್ಲಾಡಿಸಿದರು. ಕಣ್ಣು ಮುಚ್ಚಿದರು. ಅರಿಶಿನ, ಎಣ್ಣೆ ಮೆತ್ತಿದ ಹೆಬ್ಬೆರಳಿನಿಂದ ಹಾಳೆ ತಿರುವಿದರು.

ಹಳದಿ ಹೆಬ್ಬೆಟ್ಟು ಎಮ್ಮೆಯ ಬೆನ್ನ ಮೇಲೆ ಅಚ್ಚೊತ್ತಿತು. ಹಲ್ಲು ಕೀಳಿಸಿಕೊಂಡವರಂತೆ ಒಂದು ಕಣ್ಣು ತೆರೆದು ನೋಡಿದರು.

ವಾಹಿದಾ ಮೊದಲು ನಕ್ಕಳು. "ಸರ್, ನಿಮ್ಮ ಉಗುರು ತೋರಿಸ್ರಿ!" ಎಂದಳು.

ಇಡೀ ಅಂಗಳ ನಕ್ಕಿತು. ಎರಡನೇ ಪ್ಲೇಟನ್ನು ಮಾಸ್ತರರು ಅವಳ ಮುಂದೆ ಸರಿಸಿ, ಪುಸ್ತಕವನ್ನೂ ಕೊಟ್ಟರು. ಅವತ್ತು ಸಂಜೆ ವಹಿಯಲ್ಲಿ ಹತ್ತೊಂಬತ್ತು ಹೆಸರು ಬಿದ್ದವು. ದೀಪಾವಳಿಯ ಹೊತ್ತಿಗೆ ಕೆಂಪು ಗೆರೆ ತುಂಬಿ, ಹೊಸ ವಹಿಗೆ ಗೆರೆ ಎಳೆಯಬೇಕಾಯಿತು. ಗಟ್ಟಿ ಹೊಲಿಗೆಯ ಹದಿಮೂರನ್ನೂ ಒಯ್ದರು, ಆದರೆ ಅವುಗಳಲ್ಲಿ ನಾಲ್ಕನ್ನು ಕುಂಟೆಬಿಲ್ಲೆ ಆಡುವಾಗ ಸರದಿ ಬರುವವರೆಗೆ ಕೂರಲು ಹಾಸಿಕೊಂಡಿದ್ದನ್ನು ನಾನೇ ನೋಡಿದ್ದೇನೆ. ಮಾಸ್ತರರಿಗೆ ಹೇಳಲಿಲ್ಲ.

ಜನವರಿ ಎಂಟಕ್ಕೆ ಸಾಹೇಬರು ಬಂದರು. ಅಲಮಾರಿ ತೆರೆದರು. ಒಳಗೆ ಬೇವಿನೆಲೆ ಮಾತ್ರ ಇತ್ತು.

"ಪುಸ್ತಕ ಎಲ್ಲ್ಯದಾವ್ರಿ?"

"ಮನ್ಯಾಗ ಅದಾವ್ರಿ" ಎಂದರು ಮಾಸ್ತರರು.

"ನಿಮ್ಮ ಮನ್ಯಾಗ?"

"ಎಲ್ಲಾರ ಮನ್ಯಾಗರಿ."

ಸಾಹೇಬರು ನಂಬಲಿಲ್ಲ. ಮಕ್ಕಳನ್ನು ಮನೆಗೆ ಓಡಿಸಿದರು. ಅರ್ಧ ತಾಸಿನಲ್ಲಿ ಮೇಜಿನ ಮೇಲೆ ನಲವತ್ತೆಂಟು ಬಂದು ಬಿದ್ದವು. ಒಂದು ಪುಸ್ತಕ ಓದುವ ಮಗುವಿನ ಜೊತೆ ಕವಿತಾಳಕ್ಕೆ, ಅಜ್ಜಿಯ ಊರಿಗೆ ಹೋಗಿತ್ತು. ಒಂದರ ಮೂಲೆಯನ್ನು ಕರು ತಿಂದಿತ್ತು, ಅದನ್ನು ತಂದವನು ಬಾಗಿಲ ಹೊರಗೇ ಅಳುತ್ತ ನಿಂತಿದ್ದ. ಮಾಸ್ತರರೇ ಹೋಗಿ ಒಳಗೆ ಕರೆದುಕೊಂಡು ಬಂದರು. ಹಳದಿ ಕಲೆ, ಎಣ್ಣೆ ಕಲೆ, ಮಡಚಿದ ಕಿವಿ. ಸಾಹೇಬರ ಹುಬ್ಬು ಮೇಲೇರಿದವು. ದೇವದುರ್ಗದ ದಾರಿ ಮಾಸ್ತರರ ಕಣ್ಣ ಮುಂದೆ ಬಂದಿರಬೇಕು.

ಸಾಹೇಬರು ಒಂದು ಪುಸ್ತಕ ತೆಗೆದು, ನಿಂತುಕೊಂಡೇ ಮೊದಲ ಪುಟ ಓದಿದರು. ನಾನು ಅವರ ಮುಖ ನೋಡಲಿಲ್ಲ, ಬೆರಳು ನೋಡಿದೆ. ಹಾಳೆ ತಿರುವಿದರು. ಆಮೇಲೆ ಕುರ್ಚಿ ಎಳೆದುಕೊಂಡು ಕುಳಿತರು. ಅವರಿಗೆಂದು ತಂದಿಟ್ಟ ಊಟ ಆರಿತು.

ಓದಿ ಮುಗಿಸಿ ಎದ್ದವರು, "ಪುಸ್ತಕ ಇಲ್ಲೇ ಇರ್ತಾವ" ಎಂದರು. ಮಾಸ್ತರರಿಗೆ ಕಣ್ಣು ಒರೆಸಿಕೊಳ್ಳುವುದಕ್ಕೂ ಬಿಡದೆ ಮುಂದುವರಿಸಿದರು. "ದೇವದುರ್ಗದ ಶಾಲಿಗೂ ಐವತ್ತು ಕೊಟ್ಟಿದ್ವಿ. ಮೊನ್ನಿ ನೋಡಿ ಬಂದೆ. ಅಂಗಡ್ಯಾಗ ಕಟ್ಟಿದ ದಾರ ಇನ್ನ ಬಿಚ್ಚಿಲ್ಲ, ಎಲ್ಲಾ ದೊಡ್ಡವರು ಓದೋ ಪುಸ್ತಕ. ಅಲ್ಲಿ ಹುಡುಗ್ರಿಗೆ ಬ್ಯಾರೆ ಆರಿಸಬೇಕಾಗ್ಯದ. ಅಲಮಾರಿ ಖಾಲಿ ಮಾಡೋ ಮನಷ್ಯಾ ಅಲ್ಲಿ ಬೇಕು, ಮಹಾಂತಯ್ಯನೋರ."

ಪುಸ್ತಕ ಉಳಿದವು, ಮಾಸ್ತರರು ಹೋಗಬೇಕಾಯಿತು. ಜೂನ್ ಮೊದಲ ವಾರ ವರ್ಗದ ಆದೇಶ ಬಂತು. ಅಲಮಾರಿಯ ಕೀಲಿಯನ್ನು ಹೊಸಬರಿಗೆ ಕೊಡುವ ಮೊದಲು ಅವರು ಮೂರು ಸಲ ತೆರೆದು ನೋಡಿದರು, ಒಂದು ಸಲವೂ ಕೈ ತೊಳೆಯಲಿಲ್ಲ.

ಮಾನ್ವಿ ಬಸ್‌ಸ್ಟ್ಯಾಂಡಿಗೆ ನಾನು ಅವರ ಟ್ರಂಕು ಹೊತ್ತು ಹೋದೆ. ನಲವತ್ತು ಮಕ್ಕಳಾದರೂ ಬಂದಿದ್ದರು. ಆಮೇಲೆ ಅವರನ್ನು ನಾನು ನೋಡಲಿಲ್ಲ. ೧೯೮೪ರಲ್ಲಿ ದೇವದುರ್ಗದಲ್ಲೇ ತೀರಿಕೊಂಡರೆಂದು ಜಾಲಹಳ್ಳಿಯ ಕಡೆಯವರು ಹೇಳಿದರು. ಅವತ್ತು ಬಸ್ಸು ಹೊರಟಾಗ ಅವರು ಕಿಟಕಿಯಿಂದ ತಲೆ ಹೊರಗೆ ಹಾಕಿ, ಕಂಡಕ್ಟರ್ ಬೈಯುತ್ತಿದ್ದರೂ ಕೇಳದೆ, ನನ್ನನ್ನು ಕೂಗಿ ಕರೆದರು.

"ಬಂಡೆಮ್ಮಾ, ದೇವದುರ್ಗದಾಗ ನಿನ್ನಂಗ ನಿಧಾನ ಓದೋ ಹೆಣ್ಮಗಳು ಯಾರರೆ ನಿನಗ ಗುರ್ತದಾರೇನವ್ವಾ?"