ಹೋಗಿ ಬಾ ಅಂದವಳ ಮೊರಾಕೊ

ನನ್ನ ಗೆಳತಿ ಮೊರಾಕೊದಲ್ಲಿದ್ದ ಏಳು ದಿನವೂ ನನಗೆ ಊಟ ಸೇರಲಿಲ್ಲ. ಜ್ವರ ಇರಲಿಲ್ಲ, ಗ್ಯಾಸ್ಟ್ರಿಕ್ಕೂ ಅಲ್ಲ. ಹೊಟ್ಟೆಕಿಚ್ಚು. ಇದನ್ನು ಹೀಗೆ ಬರೆಯಲು ನನಗೆ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಬೇಕಾಯಿತು. ಆಗ ಯಾರಾದರೂ ಕೇಳಿದ್ದರೆ ಹವಾಮಾನ ಬದಲಾಯಿತಲ್ಲ, ಅದಕ್ಕೇ ಇರಬೇಕು ಎನ್ನುತ್ತಿದ್ದೆ.

ಅಮೆರಿಕದ ಸೆಂಟರ್‌ವಿಲ್‌ನ ನಮ್ಮ ಟೌನ್‌ಹೋಮ್ ಸಾಲಿನಲ್ಲಿ ನಮ್ಮದರಿಂದ ಮೂರನೆಯ ಮನೆ ಅವಳದು. ಅವಳು ಮಂಗಳೂರಿನವಳು, ನಾನು ಮೈಸೂರಿನವಳು. ಎಷ್ಟೋ ವರ್ಷ ಅಕ್ಕಪಕ್ಕದಲ್ಲೇ ಇದ್ದರೂ ನಮ್ಮ ಸ್ನೇಹ ಗಟ್ಟಿಯಾದದ್ದು 2020ರಲ್ಲಿ, ಎಲ್ಲರೂ ಮನೆಯೊಳಗೆ ಕೂತ ಬೇಸಿಗೆಯಲ್ಲಿ. ಸಂಜೆ ಮಾಸ್ಕ್ ಹಾಕಿಕೊಂಡು ವಾಕಿಂಗ್ ಹೊರಡುತ್ತಿದ್ದೆವು. ರಸ್ತೆಯ ಆ ಬದಿಗೆ ಅವಳು, ಈ ಬದಿಗೆ ನಾನು, ನಡುವೆ ಕೂಗಿ ಆಡುವ ಮಾತು. ಮೈಸೂರಿನ ಕಾಲೇಜೊಂದರಲ್ಲಿ ಒಂಬತ್ತು ವರ್ಷ ಇತಿಹಾಸ ಪಾಠ ಮಾಡಿದವಳು ನಾನು. ಇಲ್ಲಿ ಗಂಡನ ವೀಸಾದ ಬಾಲ ಹಿಡಿದು ಬಂದವಳಾದ್ದರಿಂದ ಕೆಲಸ ಮಾಡುವಂತಿರಲಿಲ್ಲ. ನನ್ನ ಇತಿಹಾಸವನ್ನು ಈ ದೇಶದಲ್ಲಿ ಕೇಳಿದವಳು ಅವಳೊಬ್ಬಳೇ.

ಆರೇಳು ಶತಮಾನಗಳ ಹಿಂದೆ ಮೊರಾಕೊದ ಯಾತ್ರಿಕನೊಬ್ಬ ಮನೆ ಬಿಟ್ಟು ಹೊರಟು, ಸುತ್ತುತ್ತ ಸುತ್ತುತ್ತ ಅವಳ ಮಂಗಳೂರಿಗೂ ಬಂದಿದ್ದ ಎಂದು ಒಂದು ಸಂಜೆ ಹೇಳಿದೆ. ಅವಳು ರಸ್ತೆಯಲ್ಲೇ ನಿಂತುಬಿಟ್ಟಳು.

"ನಮ್ಮೂರಿಗಾ? ಹಾಗಾದ್ರೆ ನಾವು ಅವನ ಊರಿಗೆ ಹೋಗ್ಬೇಕಲ್ಲ ಮಾರಾಯ್ತಿ," ಎಂದಳು.

ಅಲ್ಲಿಂದ ಶುರು. ನಾಲ್ಕು ವರ್ಷ ನಾನು ಮೊರಾಕೊವನ್ನು ಓದಿದೆ. ಲೈಬ್ರರಿಯಿಂದ ಪುಸ್ತಕ ತಂದೆ, ಹಾದಿಬೀದಿಗಳ ವಿಡಿಯೋ ನೋಡಿದೆ, ಇನ್ನೂರು ಪುಟದ ನೋಟ್‌ಬುಕ್ ತುಂಬಿಸಿದೆ. ಗೈಡ್ ಜೊತೆಗಿರುವ ಒಂದು ವಾರದ ಪ್ರವಾಸವನ್ನು ಆರಿಸಿದ್ದೂ ನಾನೇ: ಕಾಸಾಬ್ಲಾಂಕಾ, ರಬಾತ್, ಮೆಕ್ನೆಸ್, ಅದರ ಪಕ್ಕದ ವೊಲುಬಿಲಿಸ್ ಎಂಬ ಹಳೆಯ ರೋಮನ್ ಊರು, ಫೆಜ್, ಕೊನೆಗೆ ಮರಾಕೆಶ್. ಗಂಡಂದಿರು ಮನೆ ನೋಡಿಕೊಳ್ಳುವುದು, ನಾವಿಬ್ಬರೇ ಹೋಗುವುದು. 2024ರ ಅಕ್ಟೋಬರಿಗೆ ಇಬ್ಬರ ಹೆಸರೂ ಬುಕ್ ಆಯಿತು.

ಆಗಸ್ಟಿನಲ್ಲಿ ನನ್ನ ಗಂಡ ಕೆಲಸ ಬದಲಿಸಿದರು. ಹೊಸ ಕಾಗದಗಳು ಇನ್ನೂ ಯಾವುದೋ ಕಚೇರಿಯಲ್ಲಿದ್ದವು, ಪಾಸ್‌ಪೋರ್ಟಿನಲ್ಲಿದ್ದ ವೀಸಾ ಸ್ಟಾಂಪಿನ ಅವಧಿ ಎಂದೋ ಮುಗಿದಿತ್ತು. ಲಾಯರ್ ಫೋನಿನಲ್ಲಿ, ಈಗ ಹೊರಗೆ ಹೋದರೆ ಮತ್ತೆ ಒಳಗೆ ಬರುವ ಖಾತ್ರಿ ನಾನು ಕೊಡಲಾರೆ ಎಂದರು. ಮೊರಾಕೊದವರು ನನ್ನನ್ನು ಬಿಟ್ಟುಕೊಳ್ಳಲು ಸಿದ್ಧರಿದ್ದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ.

ಅವಳ ಬಳಿ ಗ್ರೀನ್ ಕಾರ್ಡ್ ಇತ್ತು, ವೀಸಾ ಸ್ಟಾಂಪಿನ ತಾಪತ್ರಯವೇ ಇರಲಿಲ್ಲ. ಗ್ರೀನ್ ಕಾರ್ಡಿನ ಸಾಲು ಹುಟ್ಟಿದ ದೇಶದ ಲೆಕ್ಕದಲ್ಲಿ ಹೋಗುತ್ತದೆ. ಅವಳ ಗಂಡ ಹುಟ್ಟಿದ್ದು ಕುವೈತಿನಲ್ಲಿ, ಅವರಪ್ಪ ಅಲ್ಲಿ ಕೆಲಸದಲ್ಲಿದ್ದಾಗ. ಕುವೈತಿನ ಸಾಲಿನಲ್ಲಿ ಜನವೇ ಇಲ್ಲ. ಗಂಡನ ಜೊತೆ ಹೆಂಡತಿಗೂ ಬೇಗ ಕಾರ್ಡು ಬಂತು. ನಮ್ಮ ಮಾವನವರೂ ಆಗ ಗಲ್ಫಿನಲ್ಲೇ, ಮಸ್ಕತ್‌ನಲ್ಲಿ ಇದ್ದರು, ಅತ್ತೆಯೂ ಅಲ್ಲೇ ಇದ್ದರು. ಆದರೆ ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕಲ್ಲ. ಏಳನೆಯ ತಿಂಗಳಲ್ಲಿ ವಿಮಾನ ಹತ್ತಿ ಮಂಡ್ಯಕ್ಕೆ ಬಂದು ನನ್ನ ಗಂಡನನ್ನು ಹೆತ್ತರು. ಮೂರು ತಿಂಗಳ ಬಾಣಂತನಕ್ಕೆ ನಾವು ಇನ್ನೂ ಭಾರತದ ಉದ್ದ ಸಾಲಿನಲ್ಲಿ ನಿಂತಿದ್ದೇವೆ. ಅತ್ತೆ ಫೋನಿನಲ್ಲಿ ತಮ್ಮ ತಾಯಿ ಮಾಡಿಸಿದ ಅಂಟಿನುಂಡೆಯ ರುಚಿ ನೆನೆದಾಗಲೆಲ್ಲ ನಾನು ಹಲ್ಲು ಕಚ್ಚಿ ಹೂಂಗುಟ್ಟುತ್ತೇನೆ.

ಲಾಯರ್ ಬೇಡ ಎಂದ ದಿನವೇ ಅವಳ ಮನೆಗೆ ಹೋಗಿ ವಿಷಯ ಹೇಳಿದೆ. ಅವಳು ಸೊಪ್ಪು ಬಿಡಿಸುತ್ತಿದ್ದವಳು ಕೈ ನಿಲ್ಲಿಸಿದಳು.

"ನೀನಿಲ್ಲದೆ ನಾನೊಬ್ಬಳೇ ಹೋಗುದಾ? ಬೇಡ, ಕ್ಯಾನ್ಸಲ್ ಮಾಡುವ."

"ಛೆ, ನನಗೋಸ್ಕರ ನೀನ್ಯಾಕೆ ನಿಲ್ಬೇಕು? ಹೋಗಿ ಬಾ," ಎಂದೆ.

ಮೈಸೂರಿನಲ್ಲಿ ಬೆಳೆದವರಿಗೆ ಈ ಮಾತಿನ ಅರ್ಥ ಗೊತ್ತು. ನಮ್ಮಲ್ಲಿ ಕಾಫಿ ಕೊಟ್ಟರೆ ಬೇಡ ಎನ್ನಬೇಕು. ಕೊಟ್ಟವರು ಒತ್ತಾಯ ಮಾಡಬೇಕು. ಮತ್ತೆ ಬೇಡ, ಮತ್ತೆ ಒತ್ತಾಯ. ಮೂರನೆಯ ಸಲಕ್ಕೆ ಅಯ್ಯೋ ಆಗಲಿ, ಅರ್ಧ ಲೋಟ ಎನ್ನಬೇಕು. ನಾನು ಹೋಗಿ ಬಾ ಎಂದದ್ದು ಮೊದಲನೆಯ ಸಲ. ಅವಳು ಇಲ್ಲ ಎನ್ನುತ್ತಾಳೆ, ನಾನು ಇನ್ನೊಮ್ಮೆ ಹೋಗು ಎನ್ನುತ್ತೇನೆ, ಅವಳು ಸುತರಾಂ ಒಪ್ಪುವುದಿಲ್ಲ, ಇಬ್ಬರೂ ಕಣ್ಣೊರೆಸಿಕೊಂಡು ಒಂದೆರಡು ವರ್ಷ ಕಾಯುತ್ತೇವೆ ಎಂದುಕೊಂಡಿದ್ದೆ.

"ಹೌದಾ? ಆಯ್ತು ಹಾಗಾದ್ರೆ, ಹೋಗ್ತೇನೆ," ಎಂದಳು ಅವಳು, ಒಂದೇ ಸಲಕ್ಕೆ. ಮತ್ತೆ ಸೊಪ್ಪು ಬಿಡಿಸತೊಡಗಿದಳು.

ನಾನು ನಗುತ್ತ ಮನೆಗೆ ಬಂದೆ. ಮಾರನೆಯ ದಿನ ನೋಟ್‌ಬುಕ್ಕನ್ನೂ ಅವಳಿಗೆ ಕೊಟ್ಟೆ. ಬಾಯಲ್ಲಿ ಬೆಲ್ಲ, ಎದೆಯಲ್ಲಿ ಕತ್ತರಿ ಎನ್ನುತ್ತಾರಲ್ಲ, ಆ ಕತ್ತರಿ ಮೊದಲು ಕೊಯ್ಯುವುದು ಅದನ್ನು ಇಟ್ಟುಕೊಂಡವರನ್ನೇ. ಅವಳನ್ನು ವಾಷಿಂಗ್ಟನ್ನಿನ ಡಲ್ಲಸ್ ವಿಮಾನ ನಿಲ್ದಾಣಕ್ಕೆ ಬಿಟ್ಟು ಬಂದವಳೂ ನಾನೇ.

ಅಲ್ಲಿ ಮಧ್ಯಾಹ್ನವಾದಾಗ ನಮಗೆ ಬೆಳಗಿನ ಏಳು ಗಂಟೆ. ಹೈಸ್ಕೂಲಿಗೆ ಹೋಗುವ ಮಗಳಿಗೆ ಡಬ್ಬಿ ಕಟ್ಟುವ ಹೊತ್ತಿಗೆ ಸರಿಯಾಗಿ ಫೋಟೋಗಳು ಬರುತ್ತಿದ್ದವು. ಮೊದಲ ದಿನ ಕಾಸಾಬ್ಲಾಂಕಾದಲ್ಲಿ ಸಮುದ್ರದ ಅಂಚಿಗೇ ಕಟ್ಟಿದ ಮಸೀದಿ, ಅದರ ಮುಂದೆ ಅವಳು, ತಲೆಗೆ ದುಪಟ್ಟಾ. ಆ ದುಪಟ್ಟಾ ನಾನು ಕೊಟ್ಟದ್ದು. ಎರಡನೆಯ ದಿನ ರಬಾತ್. ಹದಿನಾರು ಜನರ ಗುಂಪು, ಹಳದಿ ಕೊಡೆ ಎತ್ತಿ ಹಿಡಿದ ಗೈಡು. ಪ್ರತಿ ಫೋಟೋದ ಕೆಳಗೆ ಒಂದು ಪ್ರಶ್ನೆ: ಇದೇ ಅಲ್ವಾ ನೀನು ಹೇಳಿದ್ದು? ಗೈಡು ಹೀಗೆ ಹೇಳ್ತಾನೆ, ಸರಿಯಾ? ನಾನು ಉತ್ತರ ಕೊಡುತ್ತಿದ್ದೆ, ಸರಿ, ಸುಂದರ, ಎಂಜಾಯ್ ಮಾಡು ಎಂದು. ಆಮೇಲೆ ಪಾತ್ರೆಗಳನ್ನು ಸಿಂಕಿನಲ್ಲಿ ಕುಕ್ಕುತ್ತಿದ್ದೆ. ಅವಳ ಚಪ್ಪಲಿಯ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು, ಅದಕ್ಕೆ ಅಂಟಿದ ಧೂಳಿನ ಮೇಲೂ.

ಮೂರನೆಯ ದಿನ ಅವರು ವೊಲುಬಿಲಿಸ್‌ಗೆ ಹೋದರು. ಅಲ್ಲಿ ಹಾಳುಬಿದ್ದ ಮನೆಗಳ ನೆಲದಲ್ಲಿ ಸಣ್ಣ ಕಲ್ಲು ಜೋಡಿಸಿ ಮಾಡಿದ ಚಿತ್ರಗಳು ಇನ್ನೂ ಉಳಿದಿವೆ. ಒಂದರಲ್ಲಿ ಒಬ್ಬ ಕುದುರೆಯ ಮೇಲೆ ಹಿಂದುಮುಂದಾಗಿ ಕೂತಿದ್ದಾನೆ, ಕೈಯಲ್ಲಿ ಗೆದ್ದ ಬಟ್ಟಲು. ನಾಲ್ಕು ವರ್ಷ ನಾನು ಮೊರಾಕೊ ಎಂದಾಗಲೆಲ್ಲ ನನ್ನ ಕಣ್ಣಿಗೆ ಬರುತ್ತಿದ್ದವನು ಅವನೇ. ಅವನ ಕಥೆಯನ್ನು ಅವಳಿಗೆ ಬಾಯಲ್ಲಿ ಹೇಳಿದ್ದೆ, ಯಾವ ಮನೆಯಲ್ಲಿದ್ದಾನೆ ಎಂದು ನೋಟ್‌ಬುಕ್ಕಿನಲ್ಲಿ ಬರೆಯಲು ಮರೆತಿದ್ದೆ. ಅಂದು ಬೆಳಿಗ್ಗೆ ಸಂದೇಶ ಬಂತು: "ನಿನ್ನ ಕುದುರೆಯವ ಯಾವ ಮನೆಯಲ್ಲಿ? ಗೈಡು ಒಂದೇ ಗಂಟೆ ಕೊಟ್ಟದ್ದು. ಬೇಗ ಹೇಳು."

ಓದಿದೆ. ನನಗೆ ಗೊತ್ತಿತ್ತು. ಕಮಾನಿನ ಹತ್ತಿರದ ಮನೆ ಎಂದು ಬರೆದರೆ ಮುಗಿಯುತ್ತಿತ್ತು. ಫೋನನ್ನು ಮೈಕ್ರೋವೇವಿನ ಮೇಲೆ ಮಗುಚಿಟ್ಟು ಚಪಾತಿ ಲಟ್ಟಿಸಿದೆ. ಅವನನ್ನೊಬ್ಬನನ್ನಾದರೂ ಅವಳು ನೋಡದಿರಲಿ, ನನಗೆ ಉಳಿಯಲಿ ಎನಿಸಿತು. ಒಂದು ಗಂಟೆ ಕಳೆದ ಮೇಲೆ, ಈಗ ನೋಡಿದೆ ಸಾರಿ, ಎಂದು ಬರೆದೆ. ಅವಳು ಪರವಾಗಿಲ್ಲ ಎಂದಳು. ಮುಂದೆ ಫೆಜ್‌ನಿಂದಲೂ ಮರಾಕೆಶ್‌ನಿಂದಲೂ ಫೋಟೋಗಳು ಬಂದವು. ಪ್ರಶ್ನೆಗಳು ಬರಲಿಲ್ಲ.

ಅವಳು ವಾಪಸು ಬಂದ ಮೇಲೆ ದೀಪಾವಳಿಗೆ ಅವಳ ಮನೆಯಲ್ಲಿ ಪಾಟ್‌ಲಕ್ ಇತ್ತು, ಒಬ್ಬೊಬ್ಬರೂ ಒಂದೊಂದು ಅಡುಗೆ ತರುವುದು. ನಾನು ಬಿಸಿಬೇಳೆ ಬಾತ್ ತೆಗೆದುಕೊಂಡು ಹೋದೆ. ಊಟವಾದ ಮೇಲೆ ಟಿವಿಯಲ್ಲಿ ಮೊರಾಕೊ ಹಾಕಿದರು. ಅವಳು ರಬಾತಿನ ಮೊಂಡು ಗೋಪುರ ತೋರಿಸಿ, "ಇದು ಭೂಕಂಪದಲ್ಲಿ ಬಿದ್ದದ್ದಂತೆ," ಎಂದಳು.

"ಗೋಪುರ ಬಿದ್ದಿದ್ದಲ್ಲ, ಕಟ್ಟೋದೇ ಅರ್ಧಕ್ಕೆ ನಿಂತಿದ್ದು. ಬಿದ್ದಿದ್ದು ಮುಂದಿರೋ ಕಂಬಗಳು," ಎಂದೆ.

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಫೆಜ್‌ನಲ್ಲಿ ಚರ್ಮ ಹದ ಮಾಡುವ ಗುಂಡಿಗಳು ಬಂದಾಗ, ನಾತ ತಡೆಯಲು ಅಲ್ಲಿ ಮೂಗಿಗೆ ಪುದೀನ ಹಿಡಿಯಲು ಕೊಡುತ್ತಾರೆ ಎಂದೆ. ಯಾವ ಗಲ್ಲಿಯಿಂದ ಹತ್ತಿದರೆ ಚೆನ್ನಾಗಿ ಕಾಣುತ್ತದೆ ಎಂದೂ ಹೇಳಿದೆ. ಜನ ಟಿವಿ ಬಿಟ್ಟು ನನ್ನ ಕಡೆ ತಿರುಗಿದರು. ರಾಕ್‌ವಿಲ್‌ನಿಂದ ಬಂದಿದ್ದ ಆಂಟಿಯೊಬ್ಬರು, "ಎಷ್ಟು ಚೆನ್ನಾಗಿ ಹೇಳ್ತೀರಮ್ಮ. ನೀವು ಯಾವಾಗ ಹೋಗಿದ್ರಿ?" ಎಂದು ಕೇಳಿದರು.

"ಹೋದ್ ವರ್ಷ," ಎಂದುಬಿಟ್ಟೆ.

ನನ್ನ ಗಂಡ ತಟ್ಟೆಯಲ್ಲಿದ್ದ ಚಕ್ಕುಲಿಯನ್ನು ನೋಡತೊಡಗಿದರು. ಸೋಫಾದ ತುದಿಯಲ್ಲಿದ್ದ ಮಗಳು ತಲೆಯೆತ್ತಿ, "ಅಮ್ಮಾ, ನಾವು ಎಲ್ಲಿ ಹೋದ್ವಿ? ವಿ ನೆವರ್ ವೆಂಟ್," ಎಂದಳು.

ಗೆಳತಿ ಒಂದು ಮಾತಾಡದೆ ಸುಮ್ಮನಿದ್ದರೂ ಸಾಕಿತ್ತು, ನಾನು ಆ ಬಳಗದಲ್ಲಿ ಮತ್ತೆ ಮುಖ ಎತ್ತುವಂತಿರಲಿಲ್ಲ.

"ನಿನಗೆಂತ ಗೊತ್ತುಂಟು ಮಗಾ?" ಎಂದಳು ಗೆಳತಿ. ಟಿವಿ ಕೆಳಗಿನ ಡ್ರಾಯರಿನಿಂದ ನನ್ನ ನೋಟ್‌ಬುಕ್ ತೆಗೆದು ಆಂಟಿಯ ಕೈಗಿಟ್ಟಳು. "ಇವಳು ನನಗಿಂತ ಮೊದಲು ಹೋದವಳು. ನಾನು ಇವಳ ಹಿಂದಿನಿಂದ ಹೋದದ್ದು ಅಷ್ಟೆ. ಗೈಡಿಗೇ ಇದರಿಂದ ಓದಿ ಹೇಳಿದ್ದೇನೆ."

ಎಲ್ಲರೂ ನಕ್ಕರು. ಆಂಟಿ ಹಾಳೆ ತಿರುವಿ ನನ್ನ ಕೈಬರಹ ಹೊಗಳಿದರು. ಆ ಕ್ಷಣ ನನಗೆ ಅವಳ ಮೇಲೆ ಇನ್ನೂ ಹೆಚ್ಚು ಹೊಟ್ಟೆಕಿಚ್ಚಾಯಿತು. ಊರು ನೋಡಿದ್ದು ಸಾಲದೆಂದು ಅವಳಿಗೆ ದೊಡ್ಡ ಮನಸ್ಸೂ ಇತ್ತು.

ಜನ ಹೊರಟ ಮೇಲೆ ಅಡುಗೆಮನೆಯಲ್ಲಿ ಪಾತ್ರೆ ಒರೆಸಲು ನಿಂತೆ. ಅವಳು ನಲ್ಲಿ ನಿಲ್ಲಿಸಿ ನನ್ನ ಕಡೆ ತಿರುಗಿದಳು.

"ಕುದುರೆಯವನ ಮೆಸೇಜ್ ನೀನು ಆಗಲೇ ನೋಡಿದ್ದಿ. ವಾಟ್ಸಾಪಿನಲ್ಲಿ ನೀಲಿ ಟಿಕ್ ಬಂದಿತ್ತು."

ಬ್ಯುಸಿ ಇದ್ದೆ ಎನ್ನಲು ಬಾಯಿ ತೆರೆದೆ. ಒಂದು ದಿನಕ್ಕೆ ಒಂದು ಸುಳ್ಳು ಸಾಕಾಗಿತ್ತು. "ಹೊಟ್ಟೆ ಉರೀತಿತ್ತು ಕಣೆ. ನೀನು ಅವನನ್ನೂ ನೋಡಿಬಿಡ್ತೀಯ ಅಂತ," ಎಂದೆ.

"ಅದು ನನಗೆ ಅಲ್ಲೇ ಗೊತ್ತಾಯ್ತು. ನಾನು ಕೇಳುದು ಅದಲ್ಲ. ಅಷ್ಟು ಉರಿಯುದಾದ್ರೆ ನನಗೆ ಹೋಗು ಅಂತ ಯಾಕೆ ಹೇಳಿದ್ದು?"

"ನೀನು ಹೋಗಲ್ಲ ಅಂತೀಯ ಅಂದ್ಕೊಂಡಿದ್ದೆ."

ಅವಳಿಗೆ ಕೋಪ ಬಂದಿತ್ತು, ಅದನ್ನು ಅವಳು ಮುಚ್ಚಿಡಲಿಲ್ಲ. "ಹೋಗ್ಬೇಡ ಅಂದಿದ್ರೆ ನಾನು ನಿಲ್ತಿದ್ದೆ ಮಾರಾಯ್ತಿ. ಒಂದು ಮಾತು. ಅಲ್ಲಿ ಹದಿನಾರು ಜನರ ನಡುವೆ ನನಗೆ ಮಾತಾಡ್ಲಿಕ್ಕೆ ಯಾರಿದ್ದರು ಅಂತ ಮಾಡಿದ್ದಿ?"

ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ಗುಂಪಿನದೊಂದು ಬಿಟ್ಟರೆ ಪ್ರತಿ ಫೋಟೋದಲ್ಲೂ ಅವಳು ಒಬ್ಬಳೇ ಇದ್ದಳು. ಅಷ್ಟು ಫೋಟೋ ನೋಡಿದ ನನಗೆ ಕಂಡದ್ದು ಅವಳ ಹಿಂದಿನ ಗೋಡೆಗಳು ಮಾತ್ರ.

ಅವಳು ನಲ್ಲಿ ತಿರುಗಿಸಿ ಕುಕ್ಕರ್ ತೊಳೆಯತೊಡಗಿದಳು. "ಆ ಕುದುರೆಯವನನ್ನು ನೋಡ್ಲಿಕ್ಕೆ ಇನ್ನೊಮ್ಮೆ ಹೋಗ್ಬೇಕು ನನಗೆ. ಎಂತ ಹೇಳ್ತೀ?"

ಅಯ್ಯೋ, ನನ್ನ ಸ್ಟಾಂಪಿಂಗ್ ಯಾವಾಗಲೋ ಏನೋ, ನನಗೋಸ್ಕರ ಕಾಯಬೇಡ, ಹೋಗಿ ಬಾ. ಇಷ್ಟೂ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು. ನುಂಗಿಕೊಂಡೆ.

"ನಾನಿಲ್ದೆ ಹೋಗ್ಬೇಡ," ಎಂದೆ.

"ಆಯ್ತು," ಎಂದಳು, ಒಂದೇ ಸಲಕ್ಕೆ.

ಅದಾಗಿ ವರ್ಷದ ಮೇಲಾಯಿತು. ನನ್ನ ಸ್ಟಾಂಪಿಂಗ್ ಇನ್ನೂ ಆಗಿಲ್ಲ. ಈ ನಡುವೆ ಅವಳು ಗಂಡನ ಜೊತೆ ಪೋರ್ಚುಗಲ್‌ಗೆ ಹೋಗಿ ಬಂದಳು. ಅದಕ್ಕೂ ನನಗೆ ಹೊಟ್ಟೆ ಉರಿಯಿತು, ಅವಳ ಮನೆಗೆ ಹೋಗಿ ಹೇಳಿಯೂ ಬಂದೆ. ಲಿಸ್ಬನ್‌ನಿಂದ ಮೊರಾಕೊ ವಿಮಾನದಲ್ಲಿ ಒಂದೂವರೆ ಗಂಟೆಯ ದಾರಿಯಂತೆ. ಅವಳು ಹೋಗಲಿಲ್ಲ.